ಬಾಚಿ ನಿಂತರೆ ಪಾಸು

ನಮ್ಮ ಮಾಸ್ತರರು ಒಬ್ಬ ಹುಡುಗನ ಮೈಮೇಲೂ ಛಡಿ ಆಡಿಸಿದವರಲ್ಲ. ಆದರೆ ಆಳಂದ, ಅಫಜಲಪುರ, ಜೇವರ್ಗಿ ಈ ಮೂರು ತಾಲೂಕುಗಳಲ್ಲಿ ಅವರಷ್ಟು ಛಡಿ ಮುರಿದವರು ಇನ್ನೊಬ್ಬರಿಲ್ಲ! ಅದು ಹೇಗೆ ಎನ್ನುವಿರಾ? ಅವರು ಹೊಡೆಯುತ್ತಿದ್ದುದು ಕಾಗದಕ್ಕೆ. ಅದೂ ತಾವೇ ಬರೆದ ಕಾಗದಕ್ಕೆ.

ಆಗ ನಿಜಾಮರ ರಾಜ್ಯ. ನಮ್ಮದು ಗೊಬ್ಬೂರಿನ ಆಚೆಯ ಸಣ್ಣ ಹಳ್ಳಿ. ಸಾಲಿಯಲ್ಲಿ ಉರ್ದುವಿನದೇ ದರ್ಬಾರು. ಕನ್ನಡಕ್ಕೆ ಉಳಿಯುತ್ತಿದ್ದುದು ಹೊಟ್ಟೆ ಚುರುಗುಟ್ಟುವ ಕೊನೆಯ ಗಂಟೆ. ಇದ್ದೊಂದು ಕನ್ನಡ ಪುಸ್ತಕ ಮುಂಬೈ ಸೀಮೆಯಿಂದ ಬಂದದ್ದು. ಅದರ ಮೊದಲ ಪಾಠವೇ ಸಮುದ್ರ.

"ಸಮುದ್ರ ಅಂದ್ರ ನಮ್ಮ ಭೀಮಿ ಹೊಳಿಗಿಂತ ದೊಡ್ಡದೇನ್ರಿ?" ಎಂದು ಒಬ್ಬ ಕೇಳಿದ.

"ನಾನೂ ನೋಡಿಲ್ಲಪಾ" ಎಂದು ಮಾಸ್ತರರು ಪುಸ್ತಕ ಮುಚ್ಚಿದರು. ಮುಚ್ಚಿದವರು ಮತ್ತೆ ತೆರೆಯಲಿಲ್ಲ. ತಾವೇ ಪಾಠ ಬರೆಯಲು ಕೂತರು. ಭೀಮೆಯ ಮರಳಿನಲ್ಲಿ ಬೆಳೆಯುವ ಕಲ್ಲಂಗಡಿ, ಜೋಳದ ಹೊಲದ ಅಟ್ಟ, ಹಕ್ಕಿ ಓಡಿಸುವ ಕವಣೆ. ಬರೆಯಲು ಕಾಗದ ಎಲ್ಲಿಯದು? ಕಚೇರಿಯಿಂದ ಬಂದ ಉರ್ದು ಹುಕುಮುಗಳ ಬೆನ್ನು. ಒಂದು ಮಗ್ಗುಲಲ್ಲಿ ಬಲದಿಂದ ಎಡಕ್ಕೆ ಸರ್ಕಾರ, ಮಗುಚಿದರೆ ಎಡದಿಂದ ಬಲಕ್ಕೆ ನಮ್ಮ ಮಾಸ್ತರರು.

ಬರೆದದ್ದನ್ನು ನಮ್ಮ ಮುಂದೆ ಓದುವರು. ಓದುವಾಗ ಯಾವನಾದರೂ ಕಿಟಕಿಯಾಚೆ ನೋಡಿದರೆ ಹುಡುಗ ಫೇಲಲ್ಲ, ಪಾಠ ಫೇಲು. ಕಾಗದವನ್ನು ಮೇಜಿನ ಮೇಲೆ ಹಾಸಿ ಛಡಿಯಿಂದ ಬಾರಿಸಿ, ಹರಿದು, ಹೊಸದಾಗಿ ಬರೆಯುವರು. ಕಿಟಕಿ ನೋಡುವುದರಲ್ಲಿ ಇಡೀ ಸಾಲಿಗೆ ನಾನೇ ಮೊದಲಿಗ. ಉಳಿದವರು ಗೌಡರ, ಸಾವುಕಾರರ ಮಕ್ಕಳು. ಕಣ್ಣು ತೆರೆದುಕೊಂಡೇ ನಿದ್ದೆ ಮಾಡಬಲ್ಲ ಮರ್ಯಾದಸ್ಥರು. ನಾನು ಬಡಿಗೇರರವನು, ನಮಗೆ ನಾಟಕ ಬಾರದು. ಹೀಗಾಗಿ ಮಾಸ್ತರರು ಕಾಗದವನ್ನು ನೋಡುವುದಕ್ಕಿಂತ ಹೆಚ್ಚಾಗಿ ನನ್ನ ಮುಖವನ್ನೇ ನೋಡುತ್ತಾ ಓದುವರು.

ಒಮ್ಮೆ ಕಾಗದಕ್ಕೆ ಏಟು ಬೀಳುತ್ತಿರುವಾಗಲೇ ಸಾಲಿ ತನಿಖೆಯ ಸಾಹೇಬರು ಬಾಗಿಲಲ್ಲಿ ನಿಂತರು.

"ಮಾಸ್ತರ್, ಏ ಕ್ಯಾ ಹೈ? ಕಾಗದಕ್ಕ ಯಾಕ ಹೊಡಿಯಾಕತ್ತೀರಿ?"

"ಇದು ಪೋರಗೋಳಿಗೆ ನಿದ್ದಿ ಬರಿಸ್ತದ್ರಿ ಸಾಹೇಬ್ರ."

"ಬರದಾವ ಯಾರು?"

"ನಾನೇರಿ."

"ಹಂಗಾದ್ರ ಛಡಿ ನಿಮಗ ಬೀಳಬೇಕಲ್ಲ?"

"ಬೀಳಬೇಕ್ರಿ. ನನ್ನ ಕೈ ನನ್ನ ಬೆನ್ನಿಗೆ ನಿಲುಕಂಗಿಲ್ಲ."

ಸಾಹೇಬರು ಏನು ಬರೆದುಕೊಂಡು ಹೋದರೋ ತಿಳಿಯದು. ಮುಂದೆ ಮಾಸ್ತರರಿಗೆ ಮೇಲಿಂದ ಮೇಲೆ ವರ್ಗವಾಗುತ್ತಾ ಹೋಯಿತು ಎಂಬುದಷ್ಟೇ ಗೊತ್ತು.

ಅದಕ್ಕೂ ಮುಂಚೆ ನಾನೇ ಸಾಲಿ ಬಿಟ್ಟೆ. ನಮ್ಮಪ್ಪನಿಗೆ ಇನ್ನೆರಡು ಕೈ ಬೇಕಾಗಿದ್ದವು, ನನಗೆ ಕಿಟಕಿಯಾಚೆ ಹೋಗಬೇಕಾಗಿತ್ತು. ಬಿಟ್ಟದ್ದಕ್ಕೆ ಎಂದೂ ಮರುಗಿದವನಲ್ಲ. ನಾನು ಮಾಡಿದ ಬಂಡಿಗಾಲಿಗಳು ಖಜೂರಿಯ ರಸ್ತೆ ಹಿಡಿದು ಮಹಾರಾಷ್ಟ್ರದ ಕಡೆಗೆಲ್ಲ ಉರುಳಿವೆ. ಕಲಿತವರ ಕಾಗದ ಅಷ್ಟು ದೂರ ಹೋಗಿದ್ದನ್ನು ನಾನು ಕಂಡಿಲ್ಲ. ಆದರೆ ಮಾಸ್ತರರಿಗೆ ಸಂಕಟವಾಯಿತು. ಈಗ ಯಾವ ಪಾಠ ಓದಿದರೂ ಪಾಸು! ಅದು ಅವರಿಗೆ ಸಹಿಸಲಾಗಲಿಲ್ಲ. ಒಂದು ಸಂಜೆ, ಗಾಲಿಯ ಕಬ್ಬಿಣದ ಪಟ್ಟಿ ಕಾಯಿಸುವ ನಮ್ಮ ಕುಲುಮೆಯ ಪಕ್ಕದ ಚಪ್ಪರಕ್ಕೇ ಬಂದರು.

"ಮಾಸ್ತರ್ರ, ಅವ ಸಾಲಿ ಬಿಟ್ಟಾಯ್ತಲ್ರಿ, ಇನ್ನೂ ಯಾಕ ಬೆನ್ನ ಹತ್ತೀರಿ?" ಎಂದ ನಮ್ಮಪ್ಪ.

"ಕಲಸಾಕ ಬಂದಿಲ್ಲೋ ಮಾರಾಯ. ಇವನ ಕಿವಿ ಬೇಕಾಗ್ಯಾವ."

"ಕಿವಿ ಒಯ್ರಿ. ಕೈ ಇಲ್ಲೇ ಬಿಡ್ರಿ."

ಅಲ್ಲಿಂದ ಹೊಸ ಕಾನೂನು ಶುರುವಾಯಿತು. ನಾನು ಬಾಚಿಯಿಂದ ಕಟ್ಟಿಗೆ ಕೆತ್ತುತ್ತಲೇ ಇರುವುದು, ಅವರು ಓದುವುದು. ಕೇಳುತ್ತಾ ಕೇಳುತ್ತಾ ಬಾಚಿ ತಾನಾಗಿ ನಿಂತರೆ ಪಾಸು. ನಿಲ್ಲದಿದ್ದರೆ ಅಲ್ಲೇ ದಿಮ್ಮಿಯ ಮೇಲೆ ಕಾಗದ ಹಾಸಿ ಛಡಿಸೇವೆ. ಗೌಡರು ಬಂದು ನಿಂತರೂ ಕೆಲಸ ನಿಲ್ಲಿಸದ ಕೈ ನನ್ನದು. ಹಾಗಿರುವಾಗ ಪಾಠ ಪಾಸಾಗುವುದು ಸುಮ್ಮನೆ ಮಾತೇ? ಮಾಸ್ತರರು ಮೋಸಕ್ಕೂ ಇಳಿದರು. ಹುಲಿ ಬರುವ ಕಡೆ ಹುಲಿಯಂತೆಯೇ ಗುಡುಗಿದರು. ಒಮ್ಮೆ ನಾನು ಕೆತ್ತುತ್ತಿದ್ದ ದಿಮ್ಮಿಯ ಮೇಲೇ ಕಾಲಿಟ್ಟರು.

"ಕಾಲ ತಗೀರಿ ಮಾಸ್ತರ್ರ, ತುಂಡಾದೀತು" ಎಂದೆ.

"ಬಾಚಿ ನಿಂತತಲ್ಲಪಾ!"

"ಕಾಲಿಗೆ ನಿಂತದ್ರಿ, ಪಾಠಕ್ಕಲ್ಲ."

ಮಾಸ್ತರರು ಆಳಂದದ ಕಡೆ ವರ್ಗವಾದರು, ಅಲ್ಲಿಂದ ಜೇವರ್ಗಿ ಕಡೆ. ಎಲ್ಲೇ ಇರಲಿ, ಸಾಲಿಗೆ ಸೂಟಿ ಬಂತೆಂದರೆ ಕಾಗದದ ಗಂಟು ಕಂಕುಳಲ್ಲಿ, ಛಡಿ ಕೈಯಲ್ಲಿ, ನಮ್ಮ ಚಪ್ಪರದಲ್ಲಿ ಹಾಜರು. ವರ್ಷಗಳು ಕಳೆದು, ಅವರು ಅಚ್ಚು ಹಾಕಿಸಬೇಕೆಂದಿದ್ದ ಪುಸ್ತಕಕ್ಕೆ ಬೇಕಾದ ಪಾಠಗಳೆಲ್ಲ ಪಾಸಾದವು. ಸೊಲ್ಲಾಪುರದಲ್ಲಿ ಅಚ್ಚು ಹಾಕುವವರೂ ಒಪ್ಪಿದರು. ಉಳಿದದ್ದು ಒಂದೇ ಪಾಠ, ತಾಯಿಯದು.

ಮಾಸ್ತರರ ತಾಯಿ ಅವರ ಎಳವೆಯಲ್ಲೇ ತೀರಿಕೊಂಡಿದ್ದರು. ಪಟವಿಲ್ಲ, ಮುಖದ ನೆನಪೂ ಇಲ್ಲ. ನಸುಕಿನಲ್ಲಿ ಬೀಸುವ ಕಲ್ಲಿನ ಮುಂದೆ ಕೂತ ಬೆನ್ನು ಮಾತ್ರ ನೆನಪು. ಪುಸ್ತಕದಲ್ಲಿ ಆಕೆ ಇರಲೇಬೇಕೆಂದು ಅವರ ಹಟ. ಫೇಲಾದ ಪಾಠ ಯಾರ ತಾಯಿಯದಾದರೂ ಪುಸ್ತಕಕ್ಕೆ ಸೇರಕೂಡದೆಂಬುದೂ ಅವರದೇ ಹಟ. ಅಷ್ಟು ಏಟು ತಿಂದ ಪಾಠ ಇನ್ನೊಂದಿಲ್ಲ.

"ಯಾಕ ನಿಲ್ಲವಲ್ದೋ?" ಎಂದು ಒಮ್ಮೆ ಕೇಳಿದರು.

"ತಾಯಿ ದೇವ್ರು, ತಾಯಿ ಭೂಮಿ ಅಂತೀರಿ. ದೇವ್ರಿಗೆ ಗುಡಿ ಅದ, ಭೂಮಿಗೆ ಗೌಡ್ರು ಅದಾರ. ನಿಮ್ಮವ್ವ ಎಲ್ಲಿದಾಳ್ರಿ ಇದ್ರಾಗ?"

ಅವರು ಈ ಸಲ ಕಾಗದಕ್ಕೆ ಹೊಡೆಯಲಿಲ್ಲ. ಮಡಚಿ ಜೇಬಿನಲ್ಲಿಟ್ಟು ಹೋದರು. ಆಮೇಲೆ ಎರಡು ಸುಗ್ಗಿ ಕಳೆದರೂ ಈ ಕಡೆ ಸುಳಿಯಲಿಲ್ಲ.

ಮತ್ತೆ ಬಂದಾಗ ನನಗೆ ಗುರುತೇ ಹತ್ತಲಿಲ್ಲ. ಕೆಮ್ಮು ಅವರನ್ನು ತಿಂದುಹಾಕಿತ್ತು. ಹುಲಿಯಂತೆ ಗುಡುಗುತ್ತಿದ್ದ ಗಂಟಲಿನಿಂದ ಈಗ ಹೊಟ್ಟು ತೂರಿದಷ್ಟು ಸದ್ದು. ದಿಮ್ಮಿಯ ಮೇಲೆ ಕೂತು, "ಕೆಲಸ ಬಿಡಬ್ಯಾಡ" ಎಂದು ಸನ್ನೆ ಮಾಡಿ, ಕಾಗದ ಬಿಚ್ಚಿದರು.

ನಾನು ಕೆತ್ತುತ್ತಲೇ ಇದ್ದೆ. ತುಟಿ ಅಲ್ಲಾಡುವುದು ಕಾಣುತ್ತಿತ್ತು. ಬಾಚಿಯ ಸದ್ದಿನಲ್ಲಿ ಒಂದಕ್ಷರವೂ ಕೇಳುತ್ತಿರಲಿಲ್ಲ. ಏನು ಓದುತ್ತಿದ್ದಾರೋ ಕೇಳಿಸಿಕೊಳ್ಳೋಣವೆಂದು ಬಾಚಿ ಇಳಿಸಿ ಮುಂದಕ್ಕೆ ಬಾಗಿದೆ.

ಅವರೂ ಓದುವುದನ್ನು ನಿಲ್ಲಿಸಿದರು. ನೆಲದ ಮೇಲಿದ್ದ ಬಾಚಿಯನ್ನು ನೋಡಿದರು. ನನ್ನನ್ನು ನೋಡಿದರು.

"ನಿಂತತೇನೋ?"

"ನಿಂತತ್ರಿ" ಎಂದೆ. "ಮುಂದ ಓದ್ರಿ."

"ಇನ್ನ ಬ್ಯಾಡ. ನಿಂತತಲ್ಲ." ಕಾಗದವನ್ನು ಎರಡೂ ಕೈಯಲ್ಲಿ ಸವರಿ ಮಡಚಿದರು. ಛಡಿಯನ್ನು ನನ್ನ ಮುಂದಿಟ್ಟರು. "ಇದರ ಕೆಲಸ ಮುಗೀತು. ಬಾಚಿಗೆ ಹಿಡಿ ಮಾಡ್ಕೊ."

ಕಿರುಬೆರಳ ಗಾತ್ರದ ಛಡಿ ಬಾಚಿಗೆ ಹಿಡಿಯಾದೀತೇ? ನಮ್ಮ ಕಸುಬು ಅವರಿಗೆ ಕೊನೆಯವರೆಗೂ ತಿಳಿಯಲಿಲ್ಲ.

ಪುಸ್ತಕ ಅಚ್ಚಾಯಿತು. ತಾಯಿಯ ಪಾಠ ಕಟ್ಟಕಡೆಯದು. ಈಚೆಗೆ ನಮ್ಮೂರ ಹೊಸ ಮಾಸ್ತರರು ನೊಗ ಮಾಡಿಸಲು ಬಂದವರು ಹೇಳಿದರು: "ಎಲ್ಲಾ ಪಾಠ ಛಲೋ ಅವ. ಆ ಕಡೀದೊಂದು ಬಂದ್ರ ಹುಡುಗ್ರು ಕಿಟಕ್ಯಾಗ ನೋಡ್ತಾವ್ರಿ."

"ನೋಡ್ಲಿ ಬಿಡ್ರಿ" ಎಂದು ಬಾಚಿ ಎತ್ತಿಕೊಂಡೆ.