ನನ್ನ ಅನ್ನ ಉಳಿಸಿದ ಎರಡನೇ ಭಾಗ

ಟೆಂಟ್ ಸಿನಿಮಾದ ಗೇಟಿನಲ್ಲಿ ಹನ್ನೆರಡು ವರ್ಷ ನಿಂತವನಿಗೆ ನಗುವಿಗೇನೂ ಬರ ಇರುವುದಿಲ್ಲ. ಪರದೆಯ ಮೇಲೆ ಹಾಸ್ಯ ಇರಲಿ ಬಿಡಲಿ, ಪರದೆಯ ಮುಂದೆ ಕೂತವರಲ್ಲಿ ದಿನಕ್ಕೊಂದಾದರೂ ನಡೆದೇ ನಡೆಯುತ್ತದೆ.

ಐವತ್ತರ ದಶಕ ಮುಗಿದು ಅರವತ್ತು ಶುರುವಾಗುವ ಹೊತ್ತು. ನಮ್ಮ ಟೆಂಟು ತುಮಕೂರು, ಗುಬ್ಬಿ, ಕುಣಿಗಲ್ ಅಂತ ಮೂರು ಊರು ತಿರುಗುತ್ತಿತ್ತು. ಒಂದು ಕಡೆ ಲೈಸೆನ್ಸ್ ಮುಗಿದರೆ ಗೂಟ ಕೀಳುವುದು, ಇನ್ನೊಂದು ಕಡೆ ಹೋಗಿ ಹೊಡೆಯುವುದು. ಸಂಜೆ ಗೇಟಿನಲ್ಲಿ ಟಿಕೆಟ್ ಹರಿಯುವುದು, ಹಗಲು ಜಟಕಾದಲ್ಲಿ ಕೂತು ಊರೆಲ್ಲಾ ಕೂಗಿಕೊಂಡು ಹ್ಯಾಂಡ್‌ಬಿಲ್ ಹಂಚುವುದು, ಎರಡೂ ನನ್ನ ಕೆಲಸ. ಹೊಸದಾಗಿ ಹೆಣ್ಣು ಕೊಟ್ಟ ಮಾವನಿಗೆ ಮಾತ್ರ ‘ಮ್ಯಾನೇಜರ್’ ಅಂತ ಹೇಳಿದ್ದೆ.

ಒಂದು ವರ್ಷ ಒಂದು ಸಂಸಾರದ ಚಿತ್ರ ತಂದೆವು. ತಂದೆಯಿಲ್ಲದ ಹುಡುಗಿ, ಅವಳನ್ನು ಗೋಳು ಹೊಯ್ದುಕೊಳ್ಳುವ ಸೋದರಮಾವ. ಕೊನೆಗೆ ಮಾವ ಹೊಳೆಗೆ ಬಿದ್ದು ಸಾಯುತ್ತಾನೆ, ಹುಡುಗಿಗೆ ಒಳ್ಳೇ ಸ್ಕೂಲ್ ಮೇಷ್ಟ್ರ ಜೊತೆ ಮದುವೆ ಆಗುತ್ತದೆ. ಮೂರೂ ಊರು ಮೂಗು ಸೀಟಿಕೊಂಡು ಅತ್ತವು. ಅದಾಗಿ ಒಂದೂವರೆ ವರ್ಷಕ್ಕೆ ಅದರದ್ದೇ ಎರಡನೇ ಭಾಗ ಬಂತು. ಬೆಂಗಳೂರಿಗೆ ಬೇರೆ ಚಿತ್ರದ ರೀಲಿನ ಡಬ್ಬಗಳನ್ನು ತರಲು ಹೋಗಿದ್ದವನು ಅದನ್ನು ನೋಡಿಕೊಂಡು ಬಂದೆ. ಥಿಯೇಟರಿನಲ್ಲಿ ನಾನೂ ಇನ್ನು ಹತ್ತೋ ಹದಿನೈದೋ ಜನ ಇದ್ದೆವು. ಅಷ್ಟು ಒಳ್ಳೇ ಚಿತ್ರವನ್ನು ಖಾಲಿ ಬೆಂಚುಗಳು ನೋಡುತ್ತಿದ್ದವು.

ಮದುವೆವರೆಗಿನ ಕತೆಯನ್ನು ಯಾರು ಬೇಕಾದರೂ ಹೇಳಬಹುದು ಅನ್ನುವುದು ನನ್ನ ಅಭಿಪ್ರಾಯ. ಮದುವೆ ಆದ ಮೇಲೆ ಒಲೆ ಹತ್ತದೆ ಹೋಗುವುದು, ಮಗುವಿಗೆ ಜ್ವರ ಬರುವುದು, ಗಂಡ ಹೆಂಡತಿ ಎರಡು ದಿನ ಮಾತು ಬಿಡುವುದು, ಇದನ್ನೆಲ್ಲಾ ಹೇಳಿ ಜನರನ್ನು ಕೂರಿಸುವುದಕ್ಕೆ ಎದೆಗಾರಿಕೆ ಬೇಕು. ಟೆಂಟಿನ ಸಾಹುಕಾರರಿಗೆ ಹೀಗೇ ಹೇಳಿದೆ. ಅವರು ಎಲೆ ಅಡಿಕೆ ಪಕ್ಕಕ್ಕೆ ಸರಿಸಿ, "ಎರಡನೇ ಭಾಗ ಅಂದ್ರೆ ಎರಡನೇ ಡಿಕಾಕ್ಷನ್ ಕಾಫಿ ಕಣಯ್ಯಾ. ಬಣ್ಣ ಇರುತ್ತೆ, ರುಚಿ ಇರಲ್ಲ" ಅಂದರು.

ನಾನು ಬಿಡಲಿಲ್ಲ. ದಿನಾ ಪೀಡಿಸಿದೆ. ಕೊನೆಗೆ ಅವರು ರೇಗಿ, "ಆಯ್ತು, ತರ್ತೀನಿ. ಮೂರು ಊರಲ್ಲಿ ಒಂದು ಕಡೆಯಾದ್ರೂ ಎರಡು ವಾರ ಓಡಬೇಕು. ಓಡಲಿಲ್ಲ ಅಂದ್ರೆ ಗೇಟಿಗೆ ಬೇರೆಯವನನ್ನ ನೋಡ್ಕೋತೀನಿ, ನೀನು ನಿಮ್ಮಪ್ಪನ ರಾಗಿ ಹೊಲ ನೋಡ್ಕೋ" ಅಂದರು. ಹೂಂ ಅಂದುಬಿಟ್ಟೆ. ಮನೆಗೆ ಬಂದು ಹೆಂಡತಿಗೆ ಹೇಳಿದರೆ ಅವಳು, "ಮ್ಯಾನೇಜರ್‌ನೂ ಕೆಲಸದಿಂದ ತೆಗೀತಾರಾ?" ಅಂತ ಕೇಳಿದಳು.

ತುಮಕೂರಿನಲ್ಲಿ ಮಂಗಳ

ಮೊದಲು ತುಮಕೂರು. ಜಟಕಾದಲ್ಲಿ ಕೂತು ಗಂಟಲು ಹರಿಯುವ ಹಾಗೆ ಕೂಗಿದೆ. ಜನ ಹ್ಯಾಂಡ್‌ಬಿಲ್ ತೆಗೆದುಕೊಂಡರು, ಓದಿದರು, ಮಡಿಸಿ ಜೇಬಿಗಿಟ್ಟುಕೊಂಡರು. ಟೆಂಟಿಗೆ ಮಾತ್ರ ಬರಲಿಲ್ಲ. ಯಾಕೆ ಅಂತ ತಿಳಿದದ್ದು ಪೇಟೆ ಬೀದಿಯ ಒಬ್ಬ ರಿಟೈರ್ಡ್ ಮೇಷ್ಟ್ರಿಂದ. ಆ ಬೀದಿಯವರೆಲ್ಲಾ ಅವರು ಹೋದ ಸಿನಿಮಾಕ್ಕೇ ಹೋಗುವವರು.

"ಅಲ್ಲಯ್ಯಾ, ಮೊದಲನೇ ಭಾಗದ ಕೊನೆಯಲ್ಲಿ ಮಂಗಳ ಹಾಡಿದ್ರು ತಾನೇ? ನಾನೇ ಎದ್ದು ನಿಂತು ಕೈ ಮುಗಿದಿದೀನಿ. ಮಂಗಳ ಆದ ಮೇಲೆ ಇನ್ನೆಂಥಾ ಕತೆ? ಆರತಿ ಎತ್ತಿ, ಊಟ ಆಗಿ, ಚಪ್ಪರ ಬಿಚ್ಚಿದ ಮೇಲೆ ಯಾರಾದ್ರೂ ವಾಲಗದೋರನ್ನ ವಾಪಸ್ ಕರೀತಾರೇನಯ್ಯಾ?"

ನಾಟಕ, ಹರಿಕತೆ, ಭಜನೆ ಏನೇ ಇರಲಿ, ಮಂಗಳ ಹಾಡಿದರೆ ಅಲ್ಲಿಗೆ ಮುಗಿಯಿತು ಅನ್ನುವವರು ಅವರು. ಅವರ ಮಾತಿನಲ್ಲಿ ನ್ಯಾಯ ಇತ್ತು. ನಾನು ತಲೆ ಕೆರೆದುಕೊಂಡು, "ಮೇಷ್ಟ್ರೇ, ಅದು ಮದುವೆಗೆ ಹಾಡಿದ ಮಂಗಳ. ಕತೆಗೆ ಇನ್ನೂ ಹಾಡಿಲ್ಲ. ಅದಕ್ಕೇ ಎರಡನೇ ಭಾಗ ತೆಗೆದಿರೋದು" ಅಂದೆ. ಅವರು ಸರಿ ಅಂತ ಸಂಜೆ ಫಸ್ಟ್ ಶೋಗೆ ಬೀದಿಯವರನ್ನೆಲ್ಲಾ ಕರೆದುಕೊಂಡು ಬಂದರು.

ಶೋ ಚೆನ್ನಾಗಿಯೇ ನಡೆಯಿತು. ಮುಗಿದದ್ದೇ ಎಡವಟ್ಟಾಯಿತು. ಎರಡನೇ ಭಾಗದ ಕೊನೆಯಲ್ಲಿ ಮಂಗಳವೇ ಇಲ್ಲ. ಗಂಡ ಹೆಂಡತಿ ಜಗಲಿಯ ಮೇಲೆ ಸುಮ್ಮನೆ ಕೂತಿರುತ್ತಾರೆ, ಮಗು ಆಡುತ್ತಿರುತ್ತದೆ, ಪರದೆ ಬೆಳ್ಳಗಾಗುತ್ತದೆ. ಒಬ್ಬರೂ ಏಳಲಿಲ್ಲ. ನಾನು "ಮುಗೀತು, ಮುಗೀತು" ಅಂತ ಕೂಗಿದರೆ ಮೇಷ್ಟ್ರು ಬೆಂಚಿನಿಂದ, "ಎಲ್ಲಿ ಮುಗೀತು? ಮಂಗಳ ಎಲ್ಲಿ?" ಅಂದರು. ಬೀದಿಯವರೆಲ್ಲಾ ಅವರ ಮುಖ ನೋಡುತ್ತಾ ಕೂತರು. ಮಿಷನ್ ಓಡಿಸುವ ಆಪರೇಟರ್ ಕಿಂಡಿಯಿಂದ ತಲೆ ಹೊರಗೆ ಹಾಕಿ, "ಡಬ್ಬದಲ್ಲಿ ಇನ್ನೇನೂ ಇಲ್ಲ ಸ್ವಾಮಿ" ಅಂತ ಕೈ ಮುಗಿದ. ಹೊರಗೆ ಸೆಕೆಂಡ್ ಶೋ ಜನ ಗೇಟು ಅಲ್ಲಾಡಿಸುತ್ತಿದ್ದರು.

ಕೊನೆಗೆ ಮೇಷ್ಟ್ರೇ ಎದ್ದು, ಶಲ್ಯ ಸರಿಮಾಡಿಕೊಂಡು, ಖಾಲಿ ಪರದೆಗೆ ಕೈ ಮುಗಿದು ಒಂದು ಮಂಗಳ ಹಾಡಿದರು. ಎಲ್ಲರೂ ಎದ್ದು ನಿಂತು ಕೈ ಮುಗಿದರು, ಹೊರಟರು. ನನ್ನ ಕಣ್ಣು ಒದ್ದೆಯಾಯಿತು, ಸುಳ್ಳು ಹೇಳುವುದಿಲ್ಲ. ಅವರು ಅಷ್ಟು ಜನರನ್ನು ಕರೆದುಕೊಂಡು ಬರದಿದ್ದರೆ ತುಮಕೂರಿನಲ್ಲಿ ಆ ಒಂದು ವಾರವೂ ಓಡುತ್ತಿರಲಿಲ್ಲ. ಗೇಟಿನಲ್ಲಿ ಅವರ ಕಾಲಿಗೆ ಬಿದ್ದೆ. ಅವರು ಬೆನ್ನು ತಟ್ಟಿ ಹೇಳಿದರು: "ಮೂರನೇ ಭಾಗ ಅಂತ ಮಾತ್ರ ತರಬೇಡ ಕಣಯ್ಯಾ. ಈ ಸಲ ಮಂಗಳ ಹಾಡಿರೋನು ನಾನು."

ಗುಬ್ಬಿ ಸಂತೆ

ಗುಬ್ಬಿಯಲ್ಲಿ ಬೇರೆ ತಾಪತ್ರಯ. ಸಂತೆಗೆ ಬಂದ ಹಳ್ಳಿಯವರು, "ನಾವು ಮೊದಲ್ನೇದೇ ನೋಡಿಲ್ವಲ್ಲಪ್ಪ, ಎರಡನೇದು ಏನ್ ಅರ್ಥ ಆಯ್ತದೆ?" ಅಂದರು. ಇದೇನು ಮಹಾ ಅಂದುಕೊಂಡು ಜಟಕಾದ ಮೇಲೆ ನಿಂತು ಮೊದಲನೇ ಭಾಗದ ಕತೆ ಶುರು ಮಾಡಿದೆ. ಸೋದರಮಾವ ಬೈಯುವುದನ್ನು ಬೈದೇ ತೋರಿಸಿದೆ, ಹುಡುಗಿ ಅಳುವುದನ್ನು ಅತ್ತೇ ತೋರಿಸಿದೆ. ಸಂತೆ ಅರ್ಧ ನನ್ನ ಸುತ್ತ ಸೇರಿತು. ಹುಮ್ಮಸ್ಸಿನಲ್ಲಿ ನಿಲ್ಲಿಸುವುದು ಗೊತ್ತಾಗದೆ ಎರಡನೇ ಭಾಗವನ್ನೂ ಹೇಳಿಬಿಟ್ಟೆ.

ಜನ ಕಣ್ಣೊರೆಸಿಕೊಂಡರು. ಒಬ್ಬ ನನಗೆ ಎಳನೀರು ಕೊಡಿಸಿದ. ಇನ್ನೊಬ್ಬ, "ಬಲೇ ಚೆನ್ನಾಗೈತೆ ಕಣಣ್ಣ, ನಮ್ಮೂರಿಗೂ ಬಂದು ಹೇಳು" ಅಂತ ಕರೆದ. ಆಮೇಲೆ ಎಲ್ಲರೂ ನೆಮ್ಮದಿಯಾಗಿ ಅವರವರ ಊರಿಗೆ ಹೋದರು. ಅವತ್ತು ಸಂಜೆ ಟೆಂಟಿನಲ್ಲಿ ಎಣಿಸಿ ಒಂಬತ್ತು ಜನ.

ಸಾಹುಕಾರರು ಬೇಸರದಿಂದ ಕೇಳಿದರು: "ನಾನು ಯಾಕಯ್ಯಾ ಮಿಷನ್ನು, ಟೆಂಟು, ಆಪರೇಟರ್ ಅಂತ ಇಟ್ಕೊಂಡಿದೀನಿ? ನಿನ್ನನ್ನ ಒಂದು ಸ್ಟೂಲ್ ಮೇಲೆ ನಿಲ್ಲಿಸಿದ್ರೆ ಸಾಕಿತ್ತಲ್ಲ!"

ಹೂವಿನ ಅಜ್ಜಿಯ ಕಾವಲು

ಗುಬ್ಬಿಯಲ್ಲಿ ನನ್ನನ್ನು ಹತ್ತು ದಿನ ಕಾಪಾಡಿದ್ದು ಒಬ್ಬ ಹೂವು ಮಾರುವ ಅಜ್ಜಿ. ಮೊದಲನೇ ಭಾಗದಲ್ಲಿ ಹೊಳೆಗೆ ಬಿದ್ದು ಸತ್ತ ಸೋದರಮಾವನ ಪಾತ್ರ ಮಾಡಿದ್ದವರೇ ಎರಡನೇ ಭಾಗದಲ್ಲಿ ಡಾಕ್ಟರು. ಒಳ್ಳೇ ಡಾಕ್ಟರು. ಹುಡುಗಿಗೆ ಜ್ವರ ಬಂದಾಗ ಲೋಟದಲ್ಲಿ ಔಷಧಿ ಹಾಕಿಕೊಡುತ್ತಾರೆ. ಕಡಿಮೆ ಟಿಕೆಟ್ಟಿನ ನೆಲದಲ್ಲಿ ಕೂತಿದ್ದ ಅಜ್ಜಿ ದಡಕ್ಕನೆ ಎದ್ದು ನಿಂತಳು.

"ಅಯ್ಯಯ್ಯೋ, ಸತ್ತೋನು ಎದ್ದು ಬಂದವ್ನೆ! ಕುಡೀಬ್ಯಾಡ ಕಣವ್ವಾ! ವಿಸ ಹಾಕವ್ನೆ!"

ಬೆಂಚಿನಲ್ಲಿ ನಾಟಕ ಕಲಿಸುವ ಮೇಷ್ಟ್ರೊಬ್ಬರು ಕೂತಿದ್ದರು. ಗುಬ್ಬಿಯಲ್ಲಿ ನಾಟಕ ತಿಳಿಯದವರು ಕಡಿಮೆ. ಅವರು ಸಮಾಧಾನವಾಗಿ, "ಅಜ್ಜೀ, ಇದು ಬೇರೆ ಪಾತ್ರ. ನಮ್ಮ ನಾಟಕದಲ್ಲೂ ಒಬ್ಬನೇ ಎರಡು ವೇಷ ಹಾಕಲ್ವಾ?" ಅಂದರು.

"ವೇಸ ಬ್ಯಾರೆ ಆದ್ರೆ ಬುದ್ಧಿ ಬ್ಯಾರೆ ಆಯ್ತದಾ ಮೇಷ್ಟ್ರೇ? ಆ ಕಣ್ಣು ನೋಡಿ. ಕುಡೀಬ್ಯಾಡ ಕಣವ್ವಾ!"

ಪರದೆಯ ಮೇಲೆ ಹುಡುಗಿ ಲೋಟವನ್ನು ಬಾಯಿಯ ಹತ್ತಿರ ತಂದಳು. ಅಷ್ಟರಲ್ಲಿ ಒಳಗೆ ಮಗು ಅತ್ತಿತು. ಲೋಟ ಕೆಳಗಿಟ್ಟು ಓಡಿದಳು. ಕತೆಯಲ್ಲಿ ಇರುವುದೇ ಹಾಗೆ. ಅಜ್ಜಿ ಮಾತ್ರ ಸುತ್ತ ಕೂತವರನ್ನೆಲ್ಲಾ ನೋಡಿ, "ನೋಡುದ್ರಾ? ಕೇಳುಸ್ಕೊಂಡ್ಳು" ಅಂದಳು. ನೆಲದವರು ಚಪ್ಪಾಳೆ ಹೊಡೆದರು.

ಮಾರನೇ ದಿನ ಅಜ್ಜಿ ಮತ್ತೆ ಬಂದಳು. ಅದರ ಮಾರನೇ ದಿನವೂ ಬಂದಳು. ಅಜ್ಜಿ ಕೂಗುವುದನ್ನು ಕೇಳಲು ಊರೇ ಬರತೊಡಗಿತು. ಹತ್ತನೇ ದಿನ ಅವಳಿಗೆ ಕೆಮ್ಮು ಹಿಡಿದು ಉಸಿರಾಡುವುದೇ ಕಷ್ಟವಾಗಿತ್ತು. ನನಗೆ ಪಾಪ ಅನ್ನಿಸಿ, "ಮನೇಲಿ ಮಲಕ್ಕೋ ಅಜ್ಜಿ, ದಿನಾ ಅದೇ ಸಿನಿಮಾ ಏನ್ ನೋಡ್ತೀಯ?" ಅಂದೆ. ಅವಳು ಸೆರಗಿನ ಗಂಟಿನಿಂದ ಕಾಸು ಬಿಚ್ಚುತ್ತಾ, "ನಾನು ಒಂದಿನ ಬರ್ದೆ ಹೋದ್ರೆ ಆ ಹುಡ್ಗಿ ಕುಡುದ್ಬುಡ್ತಾಳೆ ಕಣಪ್ಪಾ" ಅಂದಳು.

ಕುಣಿಗಲ್‌ನ ಅಕ್ಷತೆ

ಉಳಿದದ್ದು ಕುಣಿಗಲ್ ಒಂದೇ. ತುಮಕೂರಿನಲ್ಲಿ ಒಂದು ವಾರ, ಗುಬ್ಬಿಯಲ್ಲಿ ಅಜ್ಜಿಯ ಗಂಟಲು ಕಟ್ಟುವವರೆಗೆ ಹತ್ತು ದಿನ; ಎರಡು ವಾರ ಇನ್ನೂ ಎಲ್ಲೂ ಓಡಿರಲಿಲ್ಲ. ಇಲ್ಲೂ ಬಿದ್ದರೆ ನಾನು ಹೊಲಕ್ಕೆ, ಹೆಂಡತಿ ತವರಿಗೆ. ಸಾಹುಕಾರರು ಮೊದಲ ದಿನವೇ ಬಂದು ಟಿಕೆಟ್ ಕೌಂಟರ್ ಪಕ್ಕ ಕುರ್ಚಿ ಹಾಕಿಸಿಕೊಂಡು ಕೂತರು.

ಒಂದು ವಿಷಯ ಹೇಳಬೇಕು. ಎರಡನೇ ಭಾಗದಲ್ಲಿ ನಾಯಕಿ ಮಾಡಿದವರು ಬೇರೆ. ಹಳಬರು ಯಾಕೋ ಮಾಡಿರಲಿಲ್ಲ. ತುಮಕೂರಿನವರು ಗೊಣಗಿ ಸುಮ್ಮನಾಗಿದ್ದರು. ಗುಬ್ಬಿಯವರು ನಾಟಕ ಕಂಡವರು, ಅದನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ; ಅಜ್ಜಿಯ ಕಣ್ಣಂತೂ ಆ ಮಾವನ ಮೇಲಿಂದ ಕದಲಿರಲಿಲ್ಲ. ಕುಣಿಗಲ್ ಹಾಗಲ್ಲ. ಮೊದಲನೇ ಭಾಗ ಬಂದಾಗ ಅಮೃತೂರು ಕಡೆಯ ತೆಂಗಿನ ತೋಟದ ಯಜಮಾನಿಯೊಬ್ಬರು ಕಮಾನು ಗಾಡಿಯಲ್ಲಿ ಹೆಂಗಸರನ್ನು ತುಂಬಿಕೊಂಡು ಬಂದಿದ್ದರು. ಮದುವೆಯ ಸೀನು ಬಂದಾಗ ಸೆರಗಿನಿಂದ ಅಕ್ಷತೆ ತೆಗೆದು ಎಲ್ಲರಿಗೂ ಹಂಚಿ, ಪರದೆಯ ಮೇಲೆ ಹಾಕಿ ಆಶೀರ್ವಾದ ಮಾಡಿದ್ದರು. ಮಾರನೇ ದಿನ ಬೆಳಿಗ್ಗೆ ಪರದೆಯ ಮುಂದೆ ಅಕ್ಕಿ ಗುಡಿಸಿದವನು ನಾನೇ.

ಈಗ ಅದೇ ಯಜಮಾನಿ, ಅದೇ ಗಾಡಿ, ಅದೇ ಹೆಂಗಸರು ಬಂದರು. ಮೊದಲನೇ ರೀಲು ಮುಗಿಯುವ ಮುಂಚೆಯೇ ಯಜಮಾನಿ ಎದ್ದು ಗೇಟಿಗೆ ಬಂದರು.

"ಏನಪ್ಪಾ, ಆ ಹೆಣ್ಮಗಳು ಎಲ್ಲಿ?"

"ಯಾವ ಹೆಣ್ಮಗಳು ಅಮ್ಮಾವ್ರೇ?"

"ನಾವು ಅಕ್ಷತೆ ಹಾಕಿ ಮದುವೆ ಮಾಡ್ಕೊಟ್ಟೋಳು. ಅವ್ಳ ಮನೇಲಿ ಇನ್ಯಾರೋ ಒಲೆ ಊದ್ತಾ ಕೂತವ್ಳೆ."

"ಅವಳೇ ಇವಳು ಅಮ್ಮಾವ್ರೇ. ಬಾಣಂತನ ಆದ ಮೇಲೆ ಸ್ವಲ್ಪ ಬದಲಾಗ್ತಾರಲ್ಲ, ಹಂಗೆ."

"ನಾನು ಆರು ಹೆತ್ತಿದೀನಿ ಕಣಪ್ಪ. ಮೈ ಬದಲಾಯ್ತದೆ, ಮೂಗು ಬದಲಾಗಾಕಿಲ್ಲ." ತಿರುಗಿ ಒಳಗೆ ಕೂಗಿದರು: "ಏಳ್ರೇ ಎಲ್ಲಾ! ಕಟ್ಕೊಂಡೋಳ್ನ ಓಡ್ಸಿ ಇನ್ನೊಬ್ಳನ್ನ ತಂದಿಟ್ಕೊಂಡವ್ನೆ. ಇಂಥವನ ಕತೆ ನಾವು ನೋಡೋದ್ ಬ್ಯಾಡ."

ಹೆಂಗಸರ ಕಡೆ ನೆಲವೆಲ್ಲಾ ಎದ್ದಿತು. ಅವರ ಹಿಂದೆ ಗಂಡಂದಿರು ಬೀಡಿ ಆರಿಸಿಕೊಂಡು ಎದ್ದರು. ಸಾಹುಕಾರರು ಕುರ್ಚಿಯಿಂದ ನನ್ನನ್ನೇ ನೋಡುತ್ತಿದ್ದರು. ನನಗೆ ಹೆಂಡತಿಯ ಮುಖ ಕಣ್ಣ ಮುಂದೆ ಬಂತು. ಬಾಯಿಗೆ ಬಂದದ್ದು ಹೇಳಿಬಿಟ್ಟೆ.

"ಅಮ್ಮಾವ್ರೇ, ಹೇಳಬಾರದು ಅಂತಿದ್ದೆ. ಅವಳು ಹೋಗಿಬಿಟ್ಟಳು. ಹೆರಿಗೆಯಲ್ಲೇ ಹೋದಳು. ಇವಳು ಅವಳ ತಂಗಿ. ಅಕ್ಕನ ಮಗು ತಬ್ಬಲಿ ಆಗಬಾರದು ಅಂತ ಬಂದು ಸೇರ್ಕೊಂಡಿದಾಳೆ."

ಹೊರಟವರೆಲ್ಲಾ ಅಲ್ಲಲ್ಲೇ ನಿಂತರು. ಯಜಮಾನಿ ಸೆರಗು ಬಾಯಿಗೆ ಹಿಡಿದರು.

"ಅಯ್ಯೋ ಕಂದಾ... ಯಾವಾಗಪ್ಪಾ?"

"ಮೊದಲನೇ ಭಾಗಕ್ಕೂ ಎರಡನೇ ಭಾಗಕ್ಕೂ ನಡುವೆ."

"ತಂಗಿ ಇರೋದು ತೋರಿಸ್ಲೇ ಇಲ್ವಲ್ಲ?"

"ಅಜ್ಜಿ ಮನೇಲಿ ಬೆಳೀತಿದ್ಲು."

ಅವರು ನಿಧಾನವಾಗಿ ಹಿಂದಿರುಗಿ ಕೂತರು. ಎಲ್ಲರೂ ಕೂತರು. ಆಮೇಲೆ ಶುರುವಾಯಿತು ನೋಡಿ ಅಳು. ಹುಡುಗಿ ಮಗುವಿಗೆ ತುತ್ತಿಟ್ಟರೆ ಅಳು, ತಲೆ ಬಾಚಿದರೆ ಅಳು, ಗದರಿದರೆ ಇನ್ನೂ ಅಳು. ನಾನು ಗೇಟಿನಲ್ಲಿ ಬೆವರುತ್ತಾ ನಿಂತಿದ್ದೆ. ಮುಂದೆ ಒಂದು ಸೀನು ಇತ್ತು. ಗಂಡ ಹೆಂಡತಿಯ ಕೈ ಹಿಡಿದು, "ನಮ್ಮ ಮದುವೆಯ ದಿನ ಮಂಟಪದಲ್ಲಿ ನೀನು ಅತ್ತೆಯಲ್ಲ, ನೆನಪಿದೆಯಾ?" ಅಂತ ಕೇಳುತ್ತಾನೆ. ಅವಳು, "ನೆನಪಿದೆ" ಅನ್ನುತ್ತಾಳೆ. ಅಲ್ಲಿಗೆ ನನ್ನ ಸುಳ್ಳು ಮುಗಿಯಿತು, ಕೆಲಸವೂ ಮುಗಿಯಿತು ಅಂದುಕೊಂಡೆ.

ಸೀನು ಬಂತು. ಅವನು ಕೇಳಿದ. ಯಜಮಾನಿ ಪಕ್ಕದವಳಿಗೆ ಹೇಳಿದ್ದು ಇಡೀ ಟೆಂಟಿಗೆ ಕೇಳಿಸಿತು. "ಪಾಪ, ದುಃಖಕ್ಕೆ ತಲೆ ಕೆಟ್ಟೈತೆ ಕಣೇ. ತಂಗೀನೇ ಅಕ್ಕ ಅನ್ಕೊಂಡವ್ನೆ."

ಹುಡುಗಿ, "ನೆನಪಿದೆ" ಅಂದಳು.

"ನೋಡ್ದಾ? ಗಂಡನ ಮನಸ್ಸು ನೋಯಬಾರ್ದು ಅಂತ ಹೂಂ ಅಂದ್ಳು. ಎಂಥಾ ಹೆಣ್ಣು ಕಣೇ!"

ಗಂಡಸರೂ ಟವಲಿನಿಂದ ಮುಖ ಒರೆಸಿಕೊಂಡರು. ಮಾರನೇ ದಿನ ಗಾಡಿ ಎರಡಾಯಿತು. ತಂಗಿಯ ಮದುವೆಗೆ ನಮ್ಮನ್ನು ಯಾರೂ ಕರೆಯಲಿಲ್ಲವಲ್ಲ ಅಂತ ಯಜಮಾನಿ ಮತ್ತೆ ಅಕ್ಷತೆ ತಂದು ಹಾಕಿಸಿದರು. ಮಾರ್ಕೋನಹಳ್ಳಿ ಕಡೆಯಿಂದಲೂ ಜನ ಬಂದರು. ಎರಡು ವಾರ ದಾಟಿತು. ಮೂರನೇ ವಾರ ಸಾಹುಕಾರರು, "ಗೇಟಿನಲ್ಲಿ ಇನ್ನೊಬ್ಬನನ್ನ ನಿಲ್ಲಿಸು, ನೀನು ಮ್ಯಾನೇಜರ್ ಕೆಲಸ ನೋಡ್ಕೋ" ಅಂದರು. ಮಾವನಿಗೆ ಹೇಳಿದ್ದ ಸುಳ್ಳು ಅವತ್ತು ನಿಜವಾಯಿತು. ಆ ಯಜಮಾನಿಯ ಹೆಸರು ಹೇಳಿಕೊಂಡೇ ಇವತ್ತಿಗೂ ನಾನು ಮೊದಲ ತುತ್ತು ಎತ್ತುವುದು.

ನಾಲ್ಕನೇ ವಾರ ಬೆಂಗಳೂರಿನಿಂದ ಆ ಚಿತ್ರ ತೆಗೆದ ಕಂಪನಿಯವರೊಬ್ಬರು ಬಂದರು. ಎಲ್ಲಾ ಕಡೆ ಮಲಗಿದ ಚಿತ್ರ ಕುಣಿಗಲ್‌ನಲ್ಲಿ ಹೇಗೆ ಓಡುತ್ತಿದೆ ಅಂತ ಅವರಿಗೆ ತಲೆಬುಡ ಗೊತ್ತಾಗಿರಲಿಲ್ಲ. ಒಳಗೆ ಹೋಗಿ ಯಜಮಾನಿಯ ಹಿಂದಿನ ಬೆಂಚಿನಲ್ಲಿ ಕೂತರು. ಇವರು ಯಾಕೆ ಅಳುತ್ತಿದ್ದಾರೆ ಅಂತ ಅರ್ಥವಾಗದೆ ಬಗ್ಗಿ ಕೇಳಿದರು. ಯಜಮಾನಿ ಸತ್ತ ಅಕ್ಕ, ಬಂದ ತಂಗಿ, ತಲೆ ಕೆಟ್ಟ ಗಂಡ ಎಲ್ಲವನ್ನೂ ಮೊದಲಿಂದ ಬಿಡಿಸಿ ಹೇಳಿದರು. ಆಮೇಲೆ ಆ ಮನುಷ್ಯ ಪೂರ್ತಿ ಚಿತ್ರ ನೋಡಿದರು.

ನಾನು ತಪ್ಪಿಸಿಕೊಳ್ಳಲು ಟೆಂಟಿನ ಹಿಂದೆ ನಿಂತಿದ್ದೆ. ಅವರು ಹುಡುಕಿಕೊಂಡು ಬಂದರು. ಮೂಗು ಕೆಂಪಾಗಿತ್ತು. ಕರ್ಚೀಫಿನಿಂದ ಕಣ್ಣೊರೆಸಿಕೊಳ್ಳುತ್ತಾ, "ಅಲ್ರೀ ಮ್ಯಾನೇಜರ್ರೇ," ಅಂದರು, "ಈ ಕತೆ ನಮಗೆ ಮೊದಲೇ ಹೇಳಬಾರದಿತ್ತೇನ್ರೀ? ನಾವು ಇದನ್ನೇ ತೆಗೀತಿದ್ವಲ್ಲ!"