ಅಳಿಲಿಗೆ ಪ್ರವೇಶವಿಲ್ಲ

"ಬರೋ ವಸಂತಕ್ಕೆ ಆ ಶೀಲ್ಡು ನಮ್ಮನೇಲಿರುತ್ತೆ. ಬರೆದಿಟ್ಕೊಳ್ಳಿ!"

ಚರ್ಚಿನ ಸುಗ್ಗಿಯೂಟದಲ್ಲಿ, ಎರಡನೆಯ ಸಲ ಸೇಬಿನ ಸಿಹಿ ಹಾಕಿಸಿಕೊಳ್ಳುತ್ತ, ರೋಲಂಡ್ ಬಕಲ್ ಘೋಷಿಸಿದ. ಮಿಲ್ ಲೇನಿನ ಕಿಟಕಿ ಹೂತೊಟ್ಟಿ ಸ್ಪರ್ಧೆಯ ಶೀಲ್ಡು ವರ್ಷಗಳಿಂದ ಎದುರುಮನೆಯ ಮಿಸೆಸ್ ಟ್ವಿಗ್ ಅವರ ಕಿಟಕಿಯಲ್ಲೇ ಬೀಡುಬಿಟ್ಟಿತ್ತು. ಅದೂ ಬೀದಿಯ ಕಡೆ ಮುಖಮಾಡಿ! ಅವರು ಅದನ್ನು ತಿಕ್ಕಿ ತಿಕ್ಕಿ ಹೊಳಪು ಮಾಡಿದ್ದರಿಂದ, ಇಂಗ್ಲೆಂಡಿನ ಆ ಶ್ರಾಪ್‌ಶೈರ್ ಸೀಮೆಯಲ್ಲಿ ಅಪರೂಪಕ್ಕೆ ಬಿಸಿಲು ಬಿದ್ದಾಗಲೆಲ್ಲ ಅದರ ಝಳಪು ನೇರವಾಗಿ ರೋಲಂಡನ ಕಣ್ಣಿಗೇ ಬಂದು ಚುಚ್ಚುತ್ತಿತ್ತು.

"ಬರ್ಕೊಳ್ಳೋದೆಲ್ಲ ಬೇಡ. ಪಂದ್ಯ ಕಟ್ಟೋಣ" ಎಂದರು ಮಿಸೆಸ್ ಟ್ವಿಗ್. "ಸೋತವರು ಆಗಸ್ಟ್ ಪೂರ್ತಿ ಗೆದ್ದವರ ತೊಟ್ಟಿಗೆ ನೀರು ಹಾಕ್ಬೇಕು. ನಾನು ಹೇಗೂ ನಮ್ಮಕ್ಕನ ಮನೆಗೆ ಹೋಗೋಳು. ಬಿಟ್ಟಿ ಆಳು ಸಿಕ್ಕಿದ್ರೆ ಬೇಡ ಅನ್ಲಾ?"

ಊಟಕ್ಕೆ ಕೂತವರೆಲ್ಲ ನಕ್ಕರು. ಪಾದ್ರಿ ಹಾಲಿಸ್ ಕೂಡ ನಕ್ಕರು. ರೋಲಂಡನ ಹೆಂಡತಿ ಐರಿಸ್ ಎಲ್ಲರಿಗಿಂತ ಜೋರಾಗಿ ನಕ್ಕಳು. ರೋಲಂಡನ ಮೀಸೆ ಅದುರಿತು. ಬೀದಿಯವರೆಲ್ಲ ನೋಡುವಂತೆ ಆ ಹೆಂಗಸಿನ ಹೂವಿಗೆ ನೀರು ಹೊರುವುದಕ್ಕಿಂತ ಊರು ಬಿಡುವುದು ಲೇಸು ಎಂದುಕೊಂಡ.

"ಗೆಲ್ಲೋದೇನೋ ಸರಿ. ಗಡ್ಡೆ ಅಗೆದು ತಿನ್ನೋ ಆ ಅಳಿಲಿಗೇನು ಮಾಡ್ತೀಯ?" ಎಂದಳು ಐರಿಸ್, ಮನೆಗೆ ಬರುವಾಗ.

"ಜೀವಮಾನವಿಡೀ ರೈಲ್ವೆ ಸಿಗ್ನಲ್ ನೋಡ್ಕೊಂಡೋನು ನಾನು! ಎಕ್ಸ್‌ಪ್ರೆಸ್ ಗಾಡಿಗಳನ್ನೇ ನಿಲ್ಲಿಸಿದ್ದೀನಿ. ಒಂದು ಅಳಿಲು ನಿಲ್ಲಿಸೋದು ಏನು ಮಹಾ?"

"ರೈಲು ಹಳಿ ಮೇಲೆ ಬರುತ್ತೆ ಕಣೋ" ಎಂದಳು ಐರಿಸ್.

ರೋಲಂಡ್ ಕಪ್ಪಿಗೆ ಹತ್ತಿರದ ನೇರಳೆ ಬಣ್ಣದ ಟ್ಯೂಲಿಪ್ ಗಡ್ಡೆಗಳನ್ನು ತರಿಸಿದ. ಡ್ಯಾಫೋಡಿಲ್ ನೆಟ್ಟರೆ ಅಳಿಲು ಮೂಸಿಯೂ ನೋಡುವುದಿಲ್ಲ ಎಂದು ಐರಿಸ್ ಹೇಳಿದಳು. ಆದರೆ ಡ್ಯಾಫೋಡಿಲ್ ಎದುರುಮನೆಯವರ ಹೂವು! ಅದನ್ನು ನೆಡುವುದೂ ಒಂದೇ, ಶರಣಾಗುವುದೂ ಒಂದೇ. ಅವನು ಗಡ್ಡೆಗಳನ್ನು ಸಾಲಾಗಿ ಹೂತು, ಮೇಲೆ ಪ್ಯಾನ್ಸಿ ಹೂಗಿಡ ನೆಟ್ಟು, ಅಂಚಿಗೆ ಐವಿ ಬಳ್ಳಿ ಇಳಿಬಿಟ್ಟು, ಕೈ ತೊಳೆದುಕೊಂಡು ಬಂದು ಚಹಾ ಕುಡಿದ.

ಬೆಳಿಗ್ಗೆ ನೋಡಿದರೆ ಪ್ಯಾನ್ಸಿಗಳು ಅಂಗಾತ ಬಿದ್ದಿದ್ದವು. ಗೋಡೆಯ ಮೇಲೆ ಒಂದು ದಡೂತಿ ಬೂದು ಅಳಿಲು ಕೂತು, ಗಡ್ಡೆಯನ್ನು ಎರಡು ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ತಿನ್ನುತ್ತಿತ್ತು. ಕಿಟಕಿಯೆದುರಿನ ಚೆರ್ರಿ ಮರಕ್ಕೆ ಐರಿಸ್ ಹಕ್ಕಿಗಳಿಗೆಂದು ಕಡಲೆಕಾಯಿ ಬೀಜದ ಬುಟ್ಟಿ ನೇತುಹಾಕುತ್ತಿದ್ದಳು. ಅಳಿಲು ಗಡ್ಡೆ ಮುಗಿಸಿ, ಬುಟ್ಟಿಗೆ ಹಾರಿ, ಬಾಯಿ ತುಂಬ ಬೀಜ ತಂದು, ಗಡ್ಡೆ ತೆಗೆದ ಗುಂಡಿಯಲ್ಲೇ ಅದನ್ನು ಹೂತು, ಮಣ್ಣು ತಟ್ಟಿ ಹೋಯಿತು.

"ನೋಡಿದ್ಯಾ? ಅದು ನನ್ನ ತೊಟ್ಟೀನ ಉಗ್ರಾಣ ಮಾಡ್ಕೊಂಡಿದೆ! ಮೊದ್ಲು ಆ ಬುಟ್ಟಿ ತೆಗಿ!"

"ಚಳಿಗಾಲದಲ್ಲಿ ಹಕ್ಕಿ ಉಪವಾಸ ಬೀಳ್ಬೇಕಾ? ನಿನ್ನ ಶೀಲ್ಡಿಗೋಸ್ಕರ?"

ಇಂಗ್ಲೆಂಡಿನಲ್ಲಿ ಗಂಡನ ಮಾತು ಮೀರಬಹುದು, ಹಕ್ಕಿಯ ಹೊಟ್ಟೆಗೆ ಹೊಡೆಯುವಂತಿಲ್ಲ. ಬುಟ್ಟಿ ಅಲ್ಲೇ ಉಳಿಯಿತು.

ರೋಲಂಡ್ ಮತ್ತೆ ಗಡ್ಡೆ ತಂದು ಹೂತ. ಮೂಲೆಯಂಗಡಿಗೆ ಹೋಗಿ ಖಾರದಪುಡಿ ಕೇಳಿದ.

"ಸಾಧಾರಣದ್ದು ಬೇಕಾ, ಖಾರದ್ದು ಬೇಕಾ?" ಎಂದ ಅಂಗಡಿಯವ.

"ಇರೋದ್ರಲ್ಲಿ ಕ್ರೂರವಾದದ್ದು ಕೊಡಿ!"

ಭಾನುವಾರ ಮಧ್ಯಾಹ್ನ ಅವನು ತೊಟ್ಟಿಯ ಮೇಲೆ ಪುಡಿಯನ್ನು ಧಾರಾಳವಾಗಿ ಎರಚಿದ. ಒಲೆಯಲ್ಲಿಟ್ಟ ಆಲೂಗಡ್ಡೆ ಸೀದಿದ್ದಕ್ಕೆ ಐರಿಸ್ ಆಗಷ್ಟೇ ಕಿಟಕಿ ತೆರೆದಿದ್ದಳು. ಅದೇ ಹೊತ್ತಿಗೆ ಗಾಳಿ ಬೀಸಿತು. ಪುಡಿಯಲ್ಲಿ ಅರ್ಧ ರೋಲಂಡನ ಮುಖಕ್ಕೆ ಬಂತು, ಉಳಿದರ್ಧ ಮನೆಯೊಳಗೆ ಹೋಯಿತು. ಗಂಡಹೆಂಡಿರು ಸೋಫಾದ ಮೇಲೆ ಅಕ್ಕಪಕ್ಕ ಕೂತು, ಒಂದೇ ಟವೆಲ್ಲಿನ ಎರಡು ತುದಿ ಹಿಡಿದು ಗೊಳೋ ಎಂದು ಕಣ್ಣೀರು ಸುರಿಸುತ್ತಿದ್ದಾಗ ಪಾದ್ರಿ ಹಾಲಿಸ್ ಬಾಗಿಲು ತಟ್ಟಿ ಒಳಗೆ ಬಂದರು.

ಪಾದ್ರಿಗಳು ನೋಡಿದರು. ಟೋಪಿ ತೆಗೆದರು. ಯಾರು ತೀರಿಕೊಂಡರೆಂದು ಕೇಳುವುದು ಅಸಭ್ಯತೆ, ಹಾಗಾಗಿ ಕೇಳಲಿಲ್ಲ. ರೋಲಂಡನ ಹೆಗಲ ಮೇಲೆ ಕೈಯಿಟ್ಟು, ಅಗಲಿದ ಆತ್ಮಕ್ಕಾಗಿ ದೀರ್ಘವಾದ ಪ್ರಾರ್ಥನೆ ಮಾಡಿದರು. ಪ್ರಾರ್ಥನೆಯ ನಡುವೆ ಪಾದ್ರಿಗಳನ್ನು ತಡೆಯುವುದೂ ಅಸಭ್ಯತೆಯೇ. ರೋಲಂಡ್ ತಡೆಯಲಿಲ್ಲ.

ಸಂಜೆ ಮಿಸೆಸ್ ಟ್ವಿಗ್ ಕೋಳಿಮಾಂಸದ ಪೈ ಮಾಡಿಕೊಂಡು ಬಂದರು. "ಏನೂ ಹೇಳ್ಬೇಡಿ. ಇಬ್ರೂ ಒಂದಿಷ್ಟು ತಿನ್ನಿ" ಎಂದರು, ತಮ್ಮ ಕಣ್ಣಲ್ಲೂ ನೀರು ತುಂಬಿಕೊಂಡು. ಅದು ದುಃಖವೋ ಕಾರ್ಪೆಟ್ಟಿನಲ್ಲಿ ಉಳಿದಿದ್ದ ಖಾರವೋ ಹೇಳುವಂತಿರಲಿಲ್ಲ.

"ನಿಜ ಹೇಳ್ಬಿಡೋಣ್ವಾ?" ಎಂದಳು ಐರಿಸ್, ಅವರು ಹೋದ ಮೇಲೆ.

"ಪೈ ತಿಂದಾದ್ಮೇಲೆ ಹೇಗೆ ಹೇಳೋದು?" ಎಂದ ರೋಲಂಡ್. ಪೈ ಬಹಳ ಚೆನ್ನಾಗಿತ್ತು. ಅದು ಅವನಿಗೆ ಇನ್ನೂ ನೋವುಂಟುಮಾಡಿತು. ರಾತ್ರಿಯ ಮಳೆಗೆ ಖಾರವೆಲ್ಲ ತೊಳೆದುಹೋಗಿ, ಬೆಳಿಗ್ಗೆ ಅಳಿಲು ಎಂದಿನಂತೆ ಕೆಲಸಕ್ಕೆ ಹಾಜರಾಗಿತ್ತು.

ಕೊನೆಗೆ ರೋಲಂಡ್ ತಂತಿಬಲೆ ತಂದ. ಮತ್ತೊಂದು ಕಂತು ಗಡ್ಡೆ ಹೂತು, ತೊಟ್ಟಿಯ ಸುತ್ತ, ಮೇಲೆ, ಕೆಳಗೆ ಬಲೆ ಬಿಗಿದ. ಅಳಿಲು ಬಂತು, ಸುತ್ತು ಹಾಕಿತು, ಮೂಸಿತು, ವಾಪಸ್ಸು ಹೋಯಿತು! ರೋಲಂಡ್ ಕಿಟಕಿಯ ಹಿಂದೆ ನಿಂತು ಚಪ್ಪಾಳೆ ತಟ್ಟಿದ.

"ಗಟ್ಟಿಯಾಗೇನೋ ಇದೆ" ಎಂದಳು ಐರಿಸ್. "ನೋಡಿದ್ರೆ ಜೈಲು. ಜೈಲಿಗೆ ಯಾರು ಶೀಲ್ಡ್ ಕೊಡ್ತಾರೆ?"

ಮಾತು ನಾಟಿತು. ಚಳಿಗಾಲವಿಡೀ ರೋಲಂಡ್ ಜೈಲಿನ ಶೃಂಗಾರದಲ್ಲಿ ಮುಳುಗಿದ. ಬಲೆಗೆ ಹಸಿರು ಬಣ್ಣ ಹೊಡೆದ. ಮೇಲ್ಭಾಗವನ್ನು ಬಗ್ಗಿಸಿ ಪುಟ್ಟ ಮನೆಯ ಮಾಡಿನಂತೆ ಮಾಡಿ ಅದಕ್ಕೆ ಪಾಚಿ ಹೊದಿಸಿದ. ಕಂಡಿಗಳಲ್ಲಿ ಐವಿ ಹೆಣೆದ. ಐರಿಸಳ ಅಜ್ಜಿಯ ಕಾಲದ, ಹಿಡಿ ಮುರಿದ ಪಿಂಗಾಣಿ ಬಟ್ಟಲುಗಳನ್ನು ಒಳಗೆ ತೂಗುಬಿಟ್ಟ. ಬೀದಿಯವರು ನಿಂತು ನೋಡಿ ಹೋಗತೊಡಗಿದರು. ಮಿಸೆಸ್ ಟ್ವಿಗ್ ಕೂಡ ಕನ್ನಡಕ ಹಾಕಿಕೊಂಡು ಬಂದು ನೋಡಿ, "ಪರವಾಗಿಲ್ವೇ!" ಎಂದರು. ಅವರ ದನಿಯಲ್ಲಿ ಮೊದಲ ಸಲ ಸಣ್ಣ ಅಳುಕಿತ್ತು. ರೋಲಂಡ್ ಅಂದು ಸಿಳ್ಳೆ ಹಾಕುತ್ತ ಗಡ್ಡ ಬೋಳಿಸಿಕೊಂಡ.

ಏಪ್ರಿಲಿನಲ್ಲಿ ಟ್ಯೂಲಿಪ್‌ಗಳು ಬೆಳೆದು ಮಾಡಿಗೆ ತಲೆ ತಾಗಿಸಿ ಕುತ್ತಿಗೆ ಡೊಂಕು ಮಾಡಿಕೊಂಡವು. ಸ್ಪರ್ಧೆಯ ಹಿಂದಿನ ಸಂಜೆ ರೋಲಂಡ್ ಮುಂಭಾಗದ ಬಲೆಯಲ್ಲಿ ಅಂದವಾದ ಒಂದು ಗುಂಡನೆಯ ಕಿಂಡಿ ಕತ್ತರಿಸಿ, ಅಂಚಿಗೆ ರಿಬ್ಬನ್ ಸುತ್ತಿ, ಹೂಗಳನ್ನು ಹೊರಗೆ ಬಾಗಿಸಿದ. ಹೂಗಳು ಆ ಕಿಂಡಿಯಿಂದ ಹೊರಗೆ ಬಂದವು ಎಂಬುದಷ್ಟೇ ಅವನ ತಲೆಯಲ್ಲಿತ್ತು.

ಮರುದಿನ ಬೆಳಿಗ್ಗೆ ತೀರ್ಪುಗಾರರು ಬಂದಾಗ ರೋಲಂಡ್ ಕೋಟು ಟೈ ಸಮೇತ ಬಾಗಿಲಲ್ಲಿ ನಿಂತಿದ್ದ. ಮುಂದೆ ಶಾಲೆಯ ಹಳೆಯ ಮುಖ್ಯೋಪಾಧ್ಯಾಯಿನಿ ಮಿಸ್ ಪರ್ವಿಸ್. ಅವರು ತೊಟ್ಟಿಯತ್ತ ನೋಡಿ ಎದೆಯ ಮೇಲೆ ಕೈಯಿಟ್ಟುಕೊಂಡರು.

"ಅಯ್ಯೋ, ಎಷ್ಟು ಮುದ್ದಾಗಿದೆ!"

ರೋಲಂಡ್ ಹೆಮ್ಮೆಯಿಂದ ತಿರುಗಿ ನೋಡಿದ. ಕಪ್ಪು ಟ್ಯೂಲಿಪ್‌ಗಳಿಗೆ ತಲೆಯೇ ಇರಲಿಲ್ಲ! ಬರೀ ದಂಟುಗಳು ನಿಂತಿದ್ದವು. ಪಾಚಿಯ ಮಾಡಿನ ಕೆಳಗೆ, ಕೊನೆಯ ಹೂವಿನ ಕೊನೆಯ ಎಸಳನ್ನು ಅಗಿಯುತ್ತ, ಅಳಿಲು ಆರಾಮಾಗಿ ಕೂತಿತ್ತು. ಅಜ್ಜಿಯ ಪಿಂಗಾಣಿ ಬಟ್ಟಲಿನ ತುಂಬ ಅದು ಆಗಲೇ ಕಡಲೆಕಾಯಿ ಬೀಜ ತಂದು ತುಂಬಿಕೊಂಡಿತ್ತು.

"ಅಳಿಲಿಗೆ ಮನೇನೇ ಕಟ್ಟಿಸಿದ್ದೀರಿ! ದುಂಡಗಿನ ಬಾಗಿಲು ಬೇರೆ! ತಿನ್ನೋಕೆ ಬಟ್ಟಲು ಬೇರೆ!" ಮಿಸ್ ಪರ್ವಿಸ್ ಕಣ್ಣೊರೆಸಿಕೊಂಡರು. "ಮಿಸ್ಟರ್ ಬಕಲ್, ಎಲ್ಲರೂ ಈ ಪ್ರಾಣೀನ ಅಟ್ಟಿಸ್ಕೊಂಡು ಹೋಗ್ತಾರೆ. ನಿಮ್ಮ ಹೃದಯ ದೊಡ್ಡದು!"

ರೋಲಂಡ್ ಬಾಯಿ ತೆರೆದ. ಆಗ ನಿಜ ಹೇಳಿದ್ದರೆ ಸಾಕಾಗಿತ್ತು. ಆದರೆ ಹೊಗಳಿದವರನ್ನು ತಿದ್ದುವುದು ಅವನ ತಾಯಿ ಕಲಿಸಿದ ಪಾಠವಲ್ಲ.

"ಥ್ಯಾಂಕ್ಸ್. ಅದು ನಮ್ಮ ಕರ್ತವ್ಯ" ಎಂದ.

ಐರಿಸ್ ಬಾಗಿಲ ಹಿಂದೆ ಏಪ್ರನ್ನನ್ನು ಬಾಯಿಗೆ ತುರುಕಿಕೊಂಡಿದ್ದಳು.

ಶೀಲ್ಡು ಎಂದಿನಂತೆ ಮಿಸೆಸ್ ಟ್ವಿಗ್ ಅವರ ಡ್ಯಾಫೋಡಿಲ್‌ಗಳಿಗೆ ಹೋಯಿತು. ರೋಲಂಡನಿಗೆ "ವನ್ಯಜೀವಿಗಳ ಗೆಳೆಯ" ಎಂಬ ಬಹುಮಾನದ ಕಪ್ ಬಂತು. ಊರಿನ ಪತ್ರಿಕೆಯಲ್ಲಿ ಅವನೂ ಅಳಿಲೂ ಅಕ್ಕಪಕ್ಕ ಇರುವ ಫೋಟೋ ಬಂತು. ಫೋಟೋದಲ್ಲಿ ಅಳಿಲೇ ಚೆನ್ನಾಗಿ ಕಾಣುತ್ತಿತ್ತು.

ಆಗಸ್ಟ್ ಬಂತು. ಮಿಸೆಸ್ ಟ್ವಿಗ್ ನೀರಿನ ಕ್ಯಾನನ್ನು ಅವನ ಕೈಗಿತ್ತರು.

"ಜೆರೇನಿಯಂ ಹಾಕಿದ್ದೀನಿ, ಜೋಪಾನ. ಒಂದು ಗಿಡ ಹೋದ್ರೂ ನೀವೇ ಹೊಸದು ನೆಡ್ಬೇಕು. ಅಂದ ಹಾಗೆ, ನಿಮಗೊಂದು ಥ್ಯಾಂಕ್ಸ್ ಹೇಳ್ಬೇಕಿತ್ತು. ನೀವು ಮನೆ ಕಟ್ಟಿಕೊಟ್ಟಾಗಿಂದ ಆ ಅಳಿಲು ನನ್ನ ಕಡೆ ತಲೆಹಾಕಿಲ್ಲ!"

ಮೊದಲ ಸಂಜೆಯೇ ಬೀದಿಯವರೆಲ್ಲ ಹೊರಗೆ ಕುರ್ಚಿ ಹಾಕಿಕೊಂಡಿದ್ದರು. ರೋಲಂಡ್ ತಲೆತಗ್ಗಿಸಿ ನೀರು ಹಾಕುತ್ತಿದ್ದ. ಹಾಗೇ ಕಣ್ಣೆತ್ತಿ ನೋಡಿದರೆ ಅಳಿಲು ರಸ್ತೆ ದಾಟಿ ಬಂದು, ಮಿಸೆಸ್ ಟ್ವಿಗ್ ಅವರ ತೊಟ್ಟಿಯ ಅಂಚಿನಲ್ಲಿ ಕೂತು, ಜೆರೇನಿಯಂ ಬುಡಕ್ಕೆ ಕೈ ಹಾಕುತ್ತಿತ್ತು!

ರೋಲಂಡ್ ಕ್ಯಾನು ಅಲ್ಲೇ ಬಿಟ್ಟು ಓಡಿದ. ಅಡುಗೆಮನೆಯ ಡಬ್ಬದಿಂದ ಕಡಲೆಕಾಯಿ ಬೀಜ ಬಾಚಿಕೊಂಡು ಬಂದು, ತನ್ನ ತೊಟ್ಟಿಯ ಕಿಂಡಿಯೊಳಗೆ ಕೈ ತೂರಿಸಿ, ಅಜ್ಜಿಯ ಬಟ್ಟಲು ತುಂಬಿಸಿದ. "ಬಾರಪ್ಪಾ ಬಾ, ನಿನ್ನ ಮನೆ ಇಲ್ಲಿದೆ" ಎಂದು ಅಂಗಲಾಚಿದ. ಇಡೀ ಮಿಲ್ ಲೇನ್ ನೋಡುತ್ತಿತ್ತು.

ಅಳಿಲು ಒಂದು ಕ್ಷಣ ಯೋಚಿಸಿ, ರಸ್ತೆ ದಾಟಿ ವಾಪಸ್ಸು ಬಂತು.

ಮೇಲಿನ ಕಿಟಕಿಯಿಂದ ಐರಿಸ್ ತಲೆ ಹೊರಗೆ ಹಾಕಿದಳು.

"ಇನ್ನೊಂದು ಹಿಡಿ ಹಾಕೋ, ರೋಲಂಡ್. ಅದಕ್ಕೀಗ ಮರಿಗಳಾಗಿವೆ."