ಜೋಡಿ ಸರ್ವರ್‌ನ ತ್ಯಾಪಿಗಾರ

ಒಂದೇ ಕಂಪ್ಯೂಟರ್ ನೋಡಿಕೊಳ್ಳುವವನಿಗೆ ತಲೆನೋವು ಬರುತ್ತದೆ. ಎರಡನ್ನು ಜೋಡಿ ಮಾಡಿ ನೋಡಿಕೊಳ್ಳುವವನಿಗೆ ತಲೆನೋವಿನ ಜೊತೆಗೆ ಆಗಾಗ ನಗಲಿಕ್ಕೂ ಸಿಗುತ್ತದೆ. ತೊಂಬತ್ತರ ದಶಕದ ನಡುವಿನಿಂದ ಹದಿನಾಲ್ಕು ವರ್ಷ ನಾನು ಪುಣೆಯ ಅಂಚಿನ ಒಂದು ಕಾರ್ಖಾನೆಯಲ್ಲಿ ಇದೇ ಕೆಲಸ ಮಾಡಿದೆ. ಅಲ್ಲಿ ಲಾರಿಗಳ ಗೇರ್‌ಬಾಕ್ಸ್ ತಯಾರಾಗುತ್ತಿದ್ದವು. ಯಾವ ಭಾಗ ಯಾವ ಸಾಲಿಗೆ ಹೋಗಬೇಕು, ಯಾವ ಗಾಡಿ ಏನು ಹೊತ್ತು ಗೇಟು ದಾಟಬೇಕು, ಎಲ್ಲವನ್ನೂ ಹೇಳುವುದು ಸರ್ವರ್. ಅದು ನಿಂತರೆ ನೂರಾರು ಜನ ಕೈಕಟ್ಟಿ ನಿಲ್ಲಬೇಕು. ಅದಕ್ಕೇ ಎರಡು ಇಟ್ಟಿದ್ದೆವು. ಒಂದು ದುಡಿಯುತ್ತದೆ, ಇನ್ನೊಂದು ಪಕ್ಕದಲ್ಲಿ ಕೂತು ಕಾಯುತ್ತದೆ. ದುಡಿಯುವುದು ಬಿದ್ದರೆ ಕಾಯುತ್ತಿದ್ದದ್ದು ಎದ್ದು ಕೆಲಸ ಹಿಡಿಯುತ್ತದೆ.

ಸರ್ವರ್ ಮಾಡಿದ ಕಂಪನಿಯವರು ಆಗಾಗ "ಇಲ್ಲೊಂದು ತೂತು ಸಿಕ್ಕಿದೆ, ಇದನ್ನು ಹಚ್ಚಿ" ಎಂದು ಪ್ಯಾಚ್ ಕಳಿಸುತ್ತಿದ್ದರು. ಹಚ್ಚುವ ಕ್ರಮ ಒಂದೇ. ಮೊದಲು ಖಾಲಿ ಕೂತದ್ದಕ್ಕೆ ಹಚ್ಚಬೇಕು. ಅದು ನೆಟ್ಟಗೆ ಎದ್ದಿತೆಂದು ಖಾತ್ರಿಯಾದ ಮೇಲೆ ಕೆಲಸವನ್ನು ಅದಕ್ಕೆ ದಾಟಿಸಬೇಕು. ಆಮೇಲೆ ಇನ್ನೊಂದಕ್ಕೆ. ಹದಿನಾಲ್ಕು ವರ್ಷದಲ್ಲಿ ಒಂದು ದಿನವೂ ನನ್ನ ಪ್ಯಾಚಿನಿಂದ ಸಾಲು ನಿಲ್ಲಲಿಲ್ಲ. ಇದನ್ನು ಹೇಳುವಾಗ ಎದೆ ಸ್ವಲ್ಪ ಉಬ್ಬುತ್ತದೆ. ಉಬ್ಬಲಿ.

೧. ಹೊಸದಕ್ಕೆ ತ್ಯಾಪಿ

ಕೆಲಸ ಸಿಕ್ಕ ಎರಡನೇ ವರ್ಷ ಕನ್ಯೆ ನೋಡಲು ಹೋದೆವು. ಹುಡುಗಿಯ ಮನೆ ಪುಣೆಯಲ್ಲೇ, ಯೆರವಡಾದಲ್ಲಿ. ಮೂಲ ಬಾಗಲಕೋಟೆ ಕಡೆಯವರು, ತಂದೆ ಅರಿವೆ ವ್ಯಾಪಾರಿ. ಕೂತು ನೀರು ಕುಡಿದ ಮೇಲೆ ಅವರು ಕೇಳಿದರು, "ಹುಡುಗನ ಕೆಲಸ ಏನ್ರಿ?"

ನಾನು ಬಾಯಿ ತೆಗೆಯುವ ಮೊದಲೇ ನಮ್ಮವ್ವ ಅಭಿಮಾನದಿಂದ ಹೇಳಿದಳು, "ಕಾರ್ಖಾನ್ಯಾಗ ದೊಡ್ಡ ದೊಡ್ಡ ಮಷೀನಿಗೆ ತ್ಯಾಪಿ ಹಚ್ಚತಾನ್ರಿ."

ತಪ್ಪು ಅವಳದಲ್ಲ. ಪ್ಯಾಚ್ ಎಂದರೇನು ಎಂದು ಅವಳು ಕೇಳಿದಾಗ ತೇಪೆ ಅಂತ ನಾನೇ ಹೇಳಿದ್ದೆ. ಆದರೆ ಹರಿದ ಅರಿವೆ ಕಂಡರೆ ಆಗದ ಆ ವ್ಯಾಪಾರಿಯ ಮುಖ ಸಣ್ಣದಾಯಿತು. "ಯಾಕ್ರಿ, ಹೊಸಾ ಮಷೀನ್ ತಗೊಳ್ಳೂದಿಲ್ಲೇನು ಅವರು?"

"ಹೊಸಾವ ಅದಾವ್ರಿ," ಎಂದಳು ಅವ್ವ. "ಹೊಸಾವಕ್ಕೇ ಹಚ್ಚತಾನ."

ಅವರು ಸಂಬಂಧ ತಂದವರ ಮುಖ ನೋಡಿದರು. ನಾನು ಗಂಟಲು ಸರಿಮಾಡಿಕೊಂಡು ಎರಡು ಯಂತ್ರ, ಒಂದು ದುಡಿಯುವುದು, ಒಂದು ಕಾಯುವುದು ಎಂದೆಲ್ಲ ವಿವರಿಸಿದೆ. ಅವರಿಗೆ ಹಿಡಿಸಿದಂತೆ ಕಾಣಲಿಲ್ಲ. ಅವಲಕ್ಕಿ ತಟ್ಟೆ ತಂದಿಟ್ಟು ನಿಂತಿದ್ದ ಹುಡುಗಿ ಮಾತ್ರ ನೇರ ನನ್ನನ್ನೇ ಕೇಳಿದಳು, "ಎರಡಕ್ಕೂ ಒಮ್ಮೆಲೇ ಹಚ್ಚತೀರೇನು?"

"ಇಲ್ರಿ. ಮೊದಲ ಒಂದಕ್ಕ. ಅದು ಸರಿ ಬಂತಂದ್ರ ಆಮ್ಯಾಲೆ ಇನ್ನೊಂದಕ್ಕ."

ಅವಳು ತಾಯಿಯ ಕಡೆ ತಿರುಗಿ ಹೇಳಿದಳು, "ಇವರಿಗೆ ಬುದ್ಧಿ ಅದ. ಅಪ್ಪ ಇದ್ದ ಎರಡೂ ಧೋತರ ಒಂದೇ ದಿನ ನೀರಿಗೆ ಹಾಕತಾರ."

ಲಗ್ನ ಅಲ್ಲೇ ನಿಶ್ಚಯವಾಯಿತು. ಮಾವನವರು ಆವತ್ತು ಲುಂಗಿಯಲ್ಲಿ ಯಾಕೆ ಕೂತಿದ್ದರು ಎಂಬುದೂ ನನಗೆ ಆಗಲೇ ತಿಳಿಯಿತು.

೨. ಖಾಲಿ ಕೂತವನು

ಕಾರ್ಖಾನೆಗೆ ಹೊಸ ಜನರಲ್ ಮ್ಯಾನೇಜರ್ ಬಂದರು. ಮರಾಠಿಯವರು, ಬಲು ಶಿಸ್ತಿನ ಮನುಷ್ಯ. ಮೊದಲ ವಾರದಲ್ಲೇ ತಮ್ಮ ಡೆಪ್ಯುಟಿಯನ್ನು ಕರೆದುಕೊಂಡು ಸರ್ವರ್ ಕೋಣೆಗೆ ಬಂದು ಎರಡೂ ಯಂತ್ರದ ಮುಂದೆ ನಿಂತರು.

"ಇದು ಏನು ಮಾಡುತ್ತದೆ?"

"ಇಡೀ ಕಾರ್ಖಾನೆಯ ಕೆಲಸ, ಸರ್."

"ಮತ್ತೆ ಇದು?"

"ಏನೂ ಮಾಡುವುದಿಲ್ಲ ಸರ್. ಅದು ಬಿದ್ದರೆ ಎದ್ದೇಳಲಿಕ್ಕೆ ಕಾಯುತ್ತದೆ."

ಅವರ ಹುಬ್ಬು ಮೇಲೇರಿತು. ಅಷ್ಟು ದೊಡ್ಡ ಯಂತ್ರ ತಣ್ಣನೆ ಗಾಳಿಯಲ್ಲಿ ಸುಮ್ಮನೆ ಕೂತಿರುವುದನ್ನು ಅವರಿಂದ ಸಹಿಸಲಾಗಲಿಲ್ಲ. ನಾಳೆಯೇ ಅದನ್ನು ಡ್ರಾಯಿಂಗ್ ವಿಭಾಗಕ್ಕೆ ಒಯ್ಯಿರಿ ಎಂದರು. ಎರಡನೆಯದು ಹೋದರೆ ಮುಂದಿನ ಪ್ಯಾಚ್ ಹಚ್ಚುವಾಗ ನಾನು ಹಗ್ಗದ ಮೇಲೆ ನಡೆಯಬೇಕು.

"ಪೂರ್ತಿ ಸುಮ್ಮನೆ ಇರುವುದಿಲ್ಲ ಸರ್," ಎಂದೆ. "ಕ್ಷಣಕ್ಕೊಮ್ಮೆ ಮೊದಲನೆಯದನ್ನು 'ಇದ್ದೀಯಾ' ಅಂತ ಕೇಳುತ್ತಿರುತ್ತದೆ. ಉತ್ತರ ಬರುವುದು ನಿಂತ ತಕ್ಷಣ ಅದರ ಜಾಗದಲ್ಲಿ ಕೂತುಬಿಡುತ್ತದೆ."

ಜನರಲ್ ಮ್ಯಾನೇಜರ್ ನಿಧಾನವಾಗಿ ತಮ್ಮ ಡೆಪ್ಯುಟಿಯ ಕಡೆ ತಿರುಗಿ ಅವರನ್ನು ಮೇಲಿನಿಂದ ಕೆಳಗೆ ನೋಡಿದರು.

"ಅರ್ಥವಾಯಿತು," ಎಂದರು. "ಇರಲಿ ಬಿಡಿ. ನಮ್ಮ ಕ್ಯಾಬಿನ್ನಿನಲ್ಲೂ ಇದೇ ವ್ಯವಸ್ಥೆ ಇದೆ."

೩. ತಾಯಿ ಒಬ್ಬಳೇ

ಗೇಟಿನ ಎದುರಿನ ಉಡುಪಿ ಹೋಟೆಲಿನ ಮಾಲೀಕರು ಕುಂದಾಪುರದ ಕಡೆಯವರು. ಪುಣೆಯಲ್ಲಿ ಮರಾಠಿ ಆಡಿ ಆಡಿ ಸಾಕಾದವರಿಗೆ ಅವರ ಗಲ್ಲೆಯ ಪಕ್ಕದ ಸ್ಟೂಲಿನಲ್ಲಿ ಕೂತು ಕನ್ನಡ ಮಾತಾಡುವುದೇ ಒಂದು ಸುಖ. ನನ್ನ ಜೋಡಿ ಯಂತ್ರದ ವಿಷಯ ಕೇಳಿ ಅವರು ನಕ್ಕರು.

"ಇದರಲ್ಲಿ ಎಂತ ದೊಡ್ಡದು ಮಾರಾಯ್ರೆ? ನನ್ನಲ್ಲಿ ಎರಡು ಕಾವಲಿ, ಇಬ್ಬರು ದೋಸೆ ಭಟ್ರು. ಒಬ್ಬ ಊರಿಗೆ ಹೋದರೆ ಇನ್ನೊಬ್ಬ ಇದ್ದಾನೆ. ದೋಸೆ ಇಲ್ಲ ಅಂತ ನಾನು ಈವರೆಗೆ ಒಬ್ಬರಿಗೂ ಹೇಳಿದವನಲ್ಲ."

ಮುಂದಿನ ತಿಂಗಳೇ ಒಂದು ಬೆಳಿಗ್ಗೆ ಬಾಗಿಲಲ್ಲಿ ಮರಾಠಿ ಬೋರ್ಡು ತೂಗಿತ್ತು: ಆಜ್ ಡೋಸಾ ನಾಹೀ, ಇವತ್ತು ದೋಸೆ ಇಲ್ಲ. ಒಳಗೆ ಹೋಗಿ ಏನಾಯಿತೆಂದು ಕೇಳಿದೆ.

"ದೋಸೆ ಭಟ್ರ ಮದುವೆ."

"ಒಬ್ಬರ ಮದುವೆ ಸರಿ. ಇನ್ನೊಬ್ಬರು ಎಲ್ಲಿ?"

ಅವರು ತಲೆ ತಗ್ಗಿಸಿ ಹೇಳಿದರು, "ಅವರಿಬ್ಬರೂ ಅಣ್ಣತಮ್ಮ ಮಾರಾಯ್ರೆ. ತಾಯಿ ಒಬ್ಬಳೇ. ಅವಳು ಕರೆದಳು, ಎರಡೂ ಒಟ್ಟಿಗೆ ಹೋದವು."

ನಗುತ್ತ ಕೋಣೆಗೆ ಬಂದವನಿಗೆ ಏನೋ ಹೊಳೆದು ನೆಲದಡಿಯ ತಂತಿಗಳನ್ನು ಹಿಡಿದು ಹೋದೆ. ನನ್ನ ಎರಡೂ ಸರ್ವರ್‌ಗಳಿಗೆ ಕರೆಂಟು ಬರುತ್ತಿದ್ದದ್ದು ಒಂದೇ ಸ್ವಿಚ್‌ಬೋರ್ಡಿನಿಂದ. ಅದು ಸುಟ್ಟರೆ ಎರಡೂ ಒಟ್ಟಿಗೇ ಹೋಗುತ್ತಿದ್ದವು. ನಗು ನಿಂತಿತು. ಬೇರೆ ಬೇರೆ ಲೈನ್ ಬೇಕೆಂದು ಆಗಲೇ ಅರ್ಜಿ ತುಂಬಿದೆ. ಕಾರಣ ಎಂಬ ಜಾಗದಲ್ಲಿ ಅವಸರಕ್ಕೆ 'ಎರಡಕ್ಕೂ ತಾಯಿ ಒಬ್ಬಳೇ' ಎಂದು ಬರೆದುಬಿಟ್ಟಿದ್ದೆ.

ಮೂರು ದಿನಕ್ಕೆ ಕೆಲಸ ಮುಗಿದು ಅರ್ಜಿ ವಾಪಸು ಬಂತು. ವಿದ್ಯುತ್ ವಿಭಾಗದ ಮುಖ್ಯಸ್ಥರು ಸಹಿಯ ಕೆಳಗೆ ಒಂದು ಸಾಲು ಸೇರಿಸಿದ್ದರು: 'ಆಸ್ತಿ ಬೇರೆ ಮಾಡಿಕೊಡಲಾಗಿದೆ.'

೪. ಲಿಖಿತ ಆದೇಶ

ಎರಡು ಸಾವಿರದ ಇಸವಿಯ ಆಚೆಗೆ ಒಂದು ದೊಡ್ಡ ಪ್ಯಾಚ್ ಬಂತು. ಇಂಟರ್ನೆಟ್ಟಿನಲ್ಲಿ ಯಾವುದೋ ಹುಳ ಹರಿದಾಡುತ್ತಿದೆ, ತಕ್ಷಣ ಹಚ್ಚಬೇಕು ಎಂದು ಮುಂಬಯಿಯ ಹೆಡ್ ಆಫೀಸಿನ ಸಾಹೇಬರಿಂದ ಮೇಲ್ ಮೇಲೆ ಮೇಲ್. ನಾನು ಬೆಳಿಗ್ಗೆ ಖಾಲಿ ಕೂತಿದ್ದ ಯಂತ್ರಕ್ಕೆ ಹಚ್ಚಿದೆ. ಅದು ಮಲಗಿತು, ಏಳಲಿಲ್ಲ. ಪರದೆಯ ಮೇಲೆ ಒಂದು ಬಿಳಿ ಗೀಟು ಮಿಣುಕುತ್ತಿತ್ತು, ಅಷ್ಟೇ. ಹೊರಗೆ ಸಾಲು ಎಂದಿನಂತೆ ಓಡುತ್ತಿತ್ತು, ಏಕೆಂದರೆ ದುಡಿಯುವ ಯಂತ್ರವನ್ನು ನಾನಿನ್ನೂ ಮುಟ್ಟಿರಲಿಲ್ಲ. ಆದರೆ ಈಗ ಅದೊಂದೇ ಗತಿ.

ಅಷ್ಟರಲ್ಲಿ ಸಾಹೇಬರ ಫೋನು. "ಆಯಿತೇ?"

"ಒಂದಕ್ಕೆ ಹಚ್ಚಿದೆ ಸರ್, ಅದು ಏಳುತ್ತಿಲ್ಲ. ಯಾಕೆಂದು ತಿಳಿಯುವ ತನಕ ಇನ್ನೊಂದನ್ನು ಮುಟ್ಟುವುದಿಲ್ಲ."

"ಇಷ್ಟು ಭಯ ಯಾಕೆ? ಎರಡಕ್ಕೂ ಒಟ್ಟಿಗೆ ಹಚ್ಚಬೇಕು. ಸಮಯ ಉಳಿಯುತ್ತದೆ. ನಾನು ಇಲ್ಲಿ ಹಾಗೇ ಮಾಡಿದ್ದೇನೆ."

"ಕ್ಷಮಿಸಿ ಸರ್, ಆಗುವುದಿಲ್ಲ."

"ಇದು ನನ್ನ ಆದೇಶ."

ನನಗೆ ಎಲ್ಲಿಂದ ಧೈರ್ಯ ಬಂತೋ. "ಹಾಗಾದರೆ ದಯವಿಟ್ಟು ಮೇಲ್‌ನಲ್ಲಿ ಬರೆದು ಕಳಿಸಿ ಸರ್, ಮಾಡುತ್ತೇನೆ," ಎಂದೆ.

"ಐದು ನಿಮಿಷದಲ್ಲಿ ಬರುತ್ತದೆ," ಎಂದು ಅವರು ಫೋನು ಇಟ್ಟರು.

ಮೇಲ್ ಬರಲಿಲ್ಲ. ಅರ್ಧ ತಾಸು, ಒಂದು ತಾಸು, ಊಟದ ಹೊತ್ತು. ಅಷ್ಟರಲ್ಲಿ ನಾನು ಪ್ಯಾಚ್ ತೆಗೆದು, ಡಿಸ್ಕ್ ನಡೆಸುವ ಹಳೆಯ ಡ್ರೈವರ್ ತಂತ್ರಾಂಶ ಒಂದು ಅದಕ್ಕೆ ಒಗ್ಗುತ್ತಿಲ್ಲ ಎಂದು ಕಂಡುಹಿಡಿದು, ಅದನ್ನು ಬದಲಿಸಿ, ಮತ್ತೆ ಹಚ್ಚಿ, ಯಂತ್ರವನ್ನು ಎಬ್ಬಿಸಿದ್ದೆ. ಸಂಜೆಯೊಳಗೆ ಎರಡಕ್ಕೂ ಆಯಿತು. ಹೊರಗಿನ ಯಾರಿಗೂ ಏನೂ ಗೊತ್ತಾಗಲಿಲ್ಲ.

ಮರುದಿನ ತಡೆಯಲಾರದೆ ಹೆಡ್ ಆಫೀಸಿನ ಗೆಳೆಯನೊಬ್ಬನಿಗೆ ಫೋನು ಮಾಡಿ, ಸಾಹೇಬರ ಆದೇಶ ಯಾಕೆ ಬರಲಿಲ್ಲ ಎಂದು ಕೇಳಿದೆ.

"ಹೇಗೆ ಬರುತ್ತದೆ?" ಎಂದ ಅವನು. "ಅವರು ಒಟ್ಟಿಗೆ ಹಚ್ಚಿದ್ದು ನಮ್ಮ ಎರಡೂ ಮೇಲ್ ಸರ್ವರ್‌ಗಳಿಗೆ."

೫. ಗುರೂಜಿಯ ವಿಧಿ

ಪುಣೆಯ ಕಾರ್ಖಾನೆಗಳಲ್ಲಿ ಖಂಡೇನವಮಿ, ಅಂದರೆ ನಮ್ಮ ಆಯುಧಪೂಜೆ, ಎಂದರೆ ದೊಡ್ಡ ಹಬ್ಬ. ಸಾಲು ನಿಲ್ಲಿಸಿ, ಯಂತ್ರಗಳನ್ನು ತೊಳೆದು, ಚೆಂಡು ಹೂವಿನ ಮಾಲೆ ಹಾಕಿ ಪೂಜೆ ಮಾಡುತ್ತಾರೆ. ಒಂದು ವರ್ಷ ಕಾರ್ಮಿಕ ಸಂಘದ ಮುಖಂಡರು ಗುರೂಜಿಯನ್ನು ನೇರ ಸರ್ವರ್ ಕೋಣೆಗೇ ಕರೆತಂದರು. ಪುರೋಹಿತರನ್ನು ಇಲ್ಲಿ ಗುರೂಜಿ ಎನ್ನುತ್ತಾರೆ. ಅವರ ಕೈಯಲ್ಲಿ ತುಂಬಿದ ಕಲಶ, ಹಿಂದಿನವರ ಕೈಯಲ್ಲಿ ತೆಂಗಿನಕಾಯಿ, ಕರ್ಪೂರ.

ನಾನು ಬಾಗಿಲಿಗೆ ಅಡ್ಡ ನಿಂತೆ. ಸಾಲು ನಿಂತಿದ್ದರೂ ಗೇಟಿನಲ್ಲಿ ಐದು ಲಾರಿ ಪಾಸಿಗಾಗಿ ಕಾಯುತ್ತಿದ್ದವು. ಪಾಸ್ ಬರಬೇಕಾದದ್ದು ಇದೇ ಸರ್ವರಿನಿಂದ.

"ಲೇಥ್ ಮಷೀನಿಗೆ ಪೂಜೆ ಆಯಿತು," ಎಂದರು ಮುಖಂಡರು. "ಇದೇನು ನಮ್ಮ ಕಾರ್ಖಾನೆಯದ್ದಲ್ಲವೇ?"

ಮಾತು ಸರಿಯಾಗಿಯೇ ಇತ್ತು. ನಾನು ಗುರೂಜಿಗೆ ಕೈಮುಗಿದು ಹೇಳಿದೆ, "ಕಾಯಿ ಹೊರಗೆ ಒಡೆಯೋಣ. ಆರತಿ ಗಾಜಿನಾಚೆಯಿಂದ ಆಗಲಿ, ಹೊಗೆ ಕಂಡರೆ ಗಂಟೆ ಬಡಿದುಕೊಳ್ಳುತ್ತದೆ. ಒಳಗೆ ಕುಂಕುಮ, ಹೂವು, ಕಪಾಟಿನ ಬಾಗಿಲಿಗೆ ಒಂದೇ ತುಳಸಿದಳದ ನೀರು. ಅದೂ ಒಂದೊಂದಕ್ಕೇ. ಮೊದಲು ಖಾಲಿ ಕೂತದ್ದಕ್ಕೆ. ಆಮೇಲೆ ನಾನು ಕೆಲಸವನ್ನು ಅದಕ್ಕೆ ದಾಟಿಸುತ್ತೇನೆ. ಆಗ ಇನ್ನೊಂದಕ್ಕೆ."

ಗುರೂಜಿಗೆ ಸಂದೇಹ. "ಮೊದಲ ಪೂಜೆ ದುಡಿಯುವ ಹಿರಿಯರಿಗಲ್ಲವೇ ಸಲ್ಲಬೇಕು?"

"ಹಿರಿಯರು ಕೆಲಸದಲ್ಲಿದ್ದಾರೆ, ಗುರೂಜಿ."

ಅವರು ಕಣ್ಣು ಮುಚ್ಚಿ ಯೋಚಿಸಿದರು. "ಕೆಲಸದಲ್ಲಿದ್ದವರನ್ನು ಎಬ್ಬಿಸುವುದು ದೋಷ," ಎಂದು ಒಪ್ಪಿದರು. ಒಂದಕ್ಕೆ ಪೂಜೆಯಾಯಿತು. ನಾನು ಕೆಲಸ ದಾಟಿಸುವಾಗ ಹಿಂದೆಯೇ ನಿಂತು "ಎದ್ದಿತೇ?" ಎಂದು ಮೂರು ಸಲ ಕೇಳಿದರು. ಹಸಿರು ದೀಪ ಮಿಣುಕಿದ್ದನ್ನು ಕಣ್ಣಾರೆ ನೋಡಿದ ಮೇಲೆಯೇ ಎರಡನೆಯದಕ್ಕೆ ಕೈ ಹಾಕಿದರು. ಲಾರಿಗಳು ಒಂದೊಂದಾಗಿ ಗೇಟು ದಾಟಿದವು. ಮುಂದೆ ಪ್ರತಿ ವರ್ಷ ಇದೇ ಕ್ರಮ. ಮೂರನೇ ವರ್ಷಕ್ಕೆ ನಾನು ಹೇಳಬೇಕಾಗಿಯೂ ಇರಲಿಲ್ಲ, ಅವರೇ ಒಳಗೆ ಬರುತ್ತ ಕೇಳುತ್ತಿದ್ದರು, "ಈ ಸಲ ಖಾಲಿ ಯಾವುದು?"

ಆ ಮೂರನೇ ವರ್ಷವೇ ದಸರೆ ಮುಗಿದ ವಾರ ನನಗೊಂದು ಫೋನು ಬಂತು. ನಮ್ಮ ರಸ್ತೆಯಲ್ಲೇ ಇದ್ದ ಇನ್ನೊಂದು ಕಾರ್ಖಾನೆಯ ಎಂಜಿನಿಯರ್. ನನಗೆ ಪರಿಚಯವಿಲ್ಲ.

"ನಿಮಗೆ ಧನ್ಯವಾದ ಹೇಳಬೇಕಿತ್ತು," ಎಂದರು. "ನಿಮ್ಮಲ್ಲಿ ಪೂಜೆ ಮಾಡುವ ಗುರೂಜಿಯೇ ನಮ್ಮಲ್ಲಿಗೂ ಬರುತ್ತಾರೆ. ನಮ್ಮದೂ ಜೋಡಿ ಸರ್ವರ್. ಈ ಸಲ ಅವರು ಖಾಲಿ ಇದ್ದದ್ದಕ್ಕೆ ಹೂವು ಹಾಕಿ, ಕೆಲಸ ದಾಟಿಸಿ ತೋರಿಸುವ ತನಕ ಇನ್ನೊಂದಕ್ಕೆ ಕುಂಕುಮ ಹಚ್ಚುವುದಿಲ್ಲ ಅಂತ ಕೂತುಬಿಟ್ಟರು. ನಮ್ಮ ಡೈರೆಕ್ಟರು ಕುಟುಂಬ ಸಮೇತ ಬಂದು ನಿಂತಿದ್ದಾರೆ, ಮುಹೂರ್ತ ಮೀರುತ್ತಿದೆ. ರಜೆಯ ದಿನ ಹೇಗೂ ಅಡ್ಡಿಯಿಲ್ಲ ಅಂತ ದಾಟಿಸಿದೆವು."

"ಆಮೇಲೆ?"

"ಆ ಖಾಲಿ ಕೂತದ್ದು ಏಳಲೇ ಇಲ್ಲ. ಅದರ ಡಿಸ್ಕ್ ಯಾವತ್ತೋ ಸತ್ತಿತ್ತು, ನಮಗೆ ಯಾರಿಗೂ ಗೊತ್ತೇ ಇರಲಿಲ್ಲ. ಮುಂದಿನ ಸೋಮವಾರ ಅದನ್ನೇ ನಂಬಿ ದುಡಿಯುವುದಕ್ಕೆ ಪ್ಯಾಚ್ ಹಚ್ಚುವವರಿದ್ದೆವು. ಉಳಿದುಕೊಂಡೆವು."

ನನಗೆ ಇಷ್ಟು ವರ್ಷದಲ್ಲಿ ಸಿಕ್ಕ ಯಾವ ಪ್ರಶಸ್ತಿ ಪತ್ರವೂ ಅಷ್ಟು ಖುಷಿ ಕೊಟ್ಟಿರಲಿಲ್ಲ. "ಪೂಜೆ ಏನಾಯಿತು?" ಎಂದು ಕೇಳಿದೆ.

"ಅದೇ ತೊಂದರೆಯಾದದ್ದು," ಎಂದರು ಅವರು. "ದುಡಿಯುವುದು ಮತ್ತೆ ತನ್ನ ಕೆಲಸ ಹಿಡಿಯಿತು, ಇನ್ನು ದಾಟಿಸಲು ಬೇರೆ ಜಾಗವಿಲ್ಲವೆಂದು ಅದಕ್ಕೆ ಕುಂಕುಮ ಹಚ್ಚಿದರು. ಏಳದ ಇದೊಂದರ ಪೂಜೆಯನ್ನೂ ಪೂರ್ತಿ ಮಾಡಿಬಿಡಿ ಅಂತ ನಮ್ಮ ಡೈರೆಕ್ಟರು ಕೇಳಿಕೊಂಡರು. ಗುರೂಜಿ ಅದರ ಮೇಲಿಟ್ಟ ಹೂವನ್ನು ವಾಪಸು ತೆಗೆದುಕೊಂಡು, ಕೈ ತೊಳೆದುಕೊಂಡು ಹೇಳಿದರು, 'ಇದು ಹೋಗಿದೆ. ಇದರ ವಿಧಿಯೇ ಬೇರೆ, ಅದನ್ನು ಮಾಡಿಸುವ ಭಟ್ಟರೂ ಬೇರೆ.'"